ಟಕ್

ಪಿಂಕ್ ಫ್ಲಾಯ್ಡ್‌ನ ‘ವಿಶ್ ಯೂ ವರ್ ಹಿಯರ್’ ಹಾಡು ಹೇಗೆ ಮುಗಿಯುತ್ತದೆ ಅಂತ ಯಾರಾದರೂ ಕೇಳಿದ್ದರೆ ಬಹಳ ವರ್ಷ ನನ್ನ ಉತ್ತರ ಒಂದೇ: ಟಕ್ ಅಂತ. ನನ್ನ ಕ್ಯಾಸೆಟ್ಟಿನಲ್ಲಿ ಅದು ಹಾಗೇ ಮುಗಿಯುತ್ತಿತ್ತು. 1992ರಲ್ಲಿ ಹುಬ್ಬಳ್ಳಿಯ ಒಂದು ರೆಕಾರ್ಡಿಂಗ್ ಅಂಗಡಿಗೆ ಟಿಡಿಕೆಯ ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ ಕೊಟ್ಟು, ಮೂರು ದಿನ ಕಾದು, ತುಂಬಿಸಿಕೊಂಡು ಬಂದದ್ದು. ಒಂದು ಸೈಡಿಗೆ ಮೂವತ್ತು ನಿಮಿಷ. ಆಲ್ಬಮ್ಮಿನ ಮೊದಲ ಹಾಡಿಗೇ ಹದಿಮೂರೂವರೆ ನಿಮಿಷ, ಎರಡನೆಯದಕ್ಕೆ ಏಳೂವರೆ, ಮೂರನೆಯದಕ್ಕೆ ಐದು. ಅಲ್ಲಿಗೆ ಇಪ್ಪತ್ತಾರು. ಉಳಿದ ನಾಲ್ಕು ನಿಮಿಷದಲ್ಲಿ ಐದೂವರೆ ನಿಮಿಷದ ಹಾಡನ್ನು ಹಿಡಿಸುವುದು ಹೇಗೆ ಅಂತ ಅಂಗಡಿಯವರು ತಲೆ ಕೆಡಿಸಿಕೊಂಡಿರಲಿಲ್ಲ. ಪಲ್ಲವಿಯ ಕಾವು ಏರಿ ಇನ್ನೇನು ಇಳಿಯಬೇಕು ಅನ್ನುವಾಗ ಟೇಪು ತೀರುತ್ತಿತ್ತು, ಪ್ಲೇ ಗುಂಡಿ ಮೇಲಕ್ಕೆ ಜಿಗಿಯುತ್ತಿತ್ತು. ಟಕ್.

ತಮಾಷೆಯೆಂದರೆ ನಾನು ಅಂಗಡಿಗೆ ಜಗಳಕ್ಕೆ ಹೋದದ್ದು ಈ ಕಾರಣಕ್ಕಲ್ಲ. ಹಾಡು ಶುರುವಾಗುವಾಗ ರೇಡಿಯೋ ತಿರುಗಿಸಿದ ಹಾಗೆ ಗೊರಗೊರ ಸದ್ದು, ಯಾರದೋ ಮಾತು, ಒಂದು ಚೂರು ವಾದ್ಯವೃಂದ, ಆಮೇಲೆ ಡಬ್ಬದೊಳಗಿಂದ ಬಂದಂತೆ ಸಣ್ಣಗೆ ಗಿಟಾರ್, ನಡುವೆ ಒಂದು ಕೆಮ್ಮು ಬೇರೆ. ‘ಆಕಾಶವಾಣಿ ಸೇರಿಕೊಂಡದ, ಮತ್ತೊಮ್ಮೆ ತುಂಬಿಸಿಕೊಡ್ರಿ’ ಅಂತ ನಾನು. ‘ಏ ತಮ್ಮಾ, ಅದು ಹಂಗs ಐತಿ’ ಅಂತ ಅಂಗಡಿಯವನು. ಅವನದೇ ಸರಿ ಎಂದು ತಿಳಿಯಲು ನನಗೆ ಎಷ್ಟೋ ವರ್ಷ ಬೇಕಾಯಿತು. ಆ ಸದ್ದನ್ನು ಹಿಡಿದದ್ದು ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅವರ ಕಾರಿನ ರೇಡಿಯೋದಿಂದ, ಆ ವಾದ್ಯವೃಂದ ಚೈಕೋವ್‌ಸ್ಕಿಯ ನಾಲ್ಕನೇ ಸಿಂಫನಿ, ಕೆಮ್ಮಿದ್ದೂ ಅವರೇ. ನೆಟ್ಟಗಿದ್ದ ಆರಂಭಕ್ಕೆ ಜಗಳವಾಡಿ, ಕೆಟ್ಟಿದ್ದ ಕೊನೆಯನ್ನು ಕಣ್ಣಿಗೊತ್ತಿಕೊಂಡು ಮನೆಗೆ ತಂದಿದ್ದೆ.

ಆ ದೀಪಾವಳಿ ರಜೆಗೆ ಕ್ಯಾಸೆಟ್ಟು ಧಾರವಾಡಕ್ಕೂ ಬಂತು. ನಮ್ಮಪ್ಪ ಮಲ್ಲಿಕಾರ್ಜುನ ಮನ್ಸೂರರ ಭಕ್ತರು. ರೇಡಿಯೋದಲ್ಲಿ ಅವರ ಹಾಡಿಕೆ ಇದ್ದ ಹೊತ್ತಿನಲ್ಲಿ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುವಂತಿರಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಮನ್ಸೂರರು ತೀರಿಕೊಂಡಿದ್ದರು, ಅಪ್ಪ ಮಂಕಾಗಿದ್ದರು. ನಾನು ಅಳುಕುತ್ತಲೇ ‘ಶೈನ್ ಆನ್ ಯೂ ಕ್ರೇಜಿ ಡೈಮಂಡ್’ ಹಚ್ಚಿದೆ. ಕೀಬೋರ್ಡಿನ ಸ್ವರ ತಂಬೂರಿಯ ಹಾಗೆ ಹರಡಿಕೊಂಡು, ಗಿಟಾರ್ ಒಂದಿಷ್ಟು ಅಲೆದಾಡಿ, ನಾಲ್ಕು ನಿಮಿಷಕ್ಕೆ ಆ ಪ್ರಸಿದ್ಧ ನಾಲ್ಕು ಸ್ವರ ಬಂದವು. ಬಂದು ಗಾಳಿಯಲ್ಲಿ ನಿಂತವು. ಅಪ್ಪ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. ‘ನಾಲ್ಕೇ ಸ್ವರ. ಆದ್ರ ಎಷ್ಟೊತ್ತು ಸುಮ್ನಿರಬೇಕಂತ ಗೊತ್ತದ ಇವಗ’ ಅಂದರು. ಮಾತುಗಳು ಬರುವುದಕ್ಕೆ ಎಂಟೂವರೆ ನಿಮಿಷ ಬೇಕು. ವಿಲಂಬಿತದಲ್ಲಿ ಬೆಳೆದವರಿಗೆ ಅದೇನು ಮಹಾ. ಬಂದಾಗ ಮಾತ್ರ ಅಪ್ಪನ ಮುಖ ಹುಳಿಯಾಯಿತು: ‘ಇಷ್ಟು ಛಲೋ ನಡದಿತ್ತು, ಯಾಕ ಹಾಡ್ಲಿಕ್ಕೆ ಹತ್ತಿದಾ?’

(ಹಾಡಿದ್ದು ಗಿಲ್ಮೋರ್ ಅಲ್ಲ, ಅದೇ ತಂಡದ ರಾಜರ್ ವಾಟರ್ಸ್. ಇಬ್ಬರ ಜಗಳದಲ್ಲಿ ನಮ್ಮಪ್ಪ ಯಾರ ಕಡೆ ಅನ್ನುವುದು ಅಂದೇ ತೀರ್ಮಾನವಾಗಿತ್ತು.)

ಇದೆಲ್ಲ ಮತ್ತೆ ನೆನಪಿಗೆ ಬರಲು ಕಾರಣ ನನ್ನ ಮಗಳು. 2024ರ ಸೆಪ್ಟೆಂಬರಿನಲ್ಲಿ ‘ಅಪ್ಪಾ, ನಿಮ್ಮ ತಾತ ಹೊಸ ಆಲ್ಬಮ್ ಬಿಟ್ಟಿದ್ದಾರೆ’ ಅಂತ ಮೆಸೇಜ್ ಹಾಕಿದ್ದಳು. ‘ಲಕ್ ಅಂಡ್ ಸ್ಟ್ರೇಂಜ್’. ಗಿಲ್ಮೋರ್ ಅವರಿಗೆ ಆಗ ಎಪ್ಪತ್ತೆಂಟು. ಹಿಂದಿನ ಆಲ್ಬಮ್ ಬಂದದ್ದು 2015ರಲ್ಲಿ; ಒಂಬತ್ತು ವರ್ಷಕ್ಕೆ ಒಂಬತ್ತು ಹಾಡು. ಮಾತು ಹೆಚ್ಚಾಗಿ ಹೆಂಡತಿ, ಕಾದಂಬರಿಕಾರ್ತಿ ಪಾಲಿ ಸ್ಯಾಮ್ಸನ್ ಅವರದು. ವಯಸ್ಸಾಗುವುದು, ಎದ್ದು ಹೋಗುವ ಹೊತ್ತು ಹತ್ತಿರವಾಗುವುದು, ಇವೇ ವಿಷಯ. ನಿರ್ಮಾಪಕ ಮಾತ್ರ ಹೊಸಬ, ಚಾರ್ಲಿ ಆಂಡ್ರೂ. ಈತನಿಗೆ ನನ್ನ ಹಳೆಯ ಹಾಡುಗಳ ಪರಿಚಯವೂ ಅಷ್ಟಕ್ಕಷ್ಟೆ, ಭಕ್ತಿಯಂತೂ ಇಲ್ಲವೇ ಇಲ್ಲ ಅಂತ ಗಿಲ್ಮೋರ್ ಖುಷಿಯಿಂದಲೇ ಹೇಳಿಕೊಂಡಿದ್ದಾರೆ. ಇಲ್ಲೇಕೆ ಗಿಟಾರ್ ಸೋಲೋ ಬೇಕು ಅಂತ ಕೇಳುತ್ತಿದ್ದನಂತೆ. ಯಾರನ್ನು? ಗಿಲ್ಮೋರ್ ಅವರನ್ನು! ಇನ್ನೂ ಒಂದು ಕೇಳಿದನಂತೆ: ಎಲ್ಲ ಹಾಡೂ ಸಣ್ಣಗಾಗುತ್ತಾ ಸಣ್ಣಗಾಗುತ್ತಾ ಮರೆಯಾಗಲೇಬೇಕಾ? ಕೆಲವಾದರೂ ಸುಮ್ಮನೆ ಮುಗಿಯಬಾರದಾ?

ಓದಿ ನನಗೆ ನಗು ಬಂತು. ನನ್ನ ಹುಬ್ಬಳ್ಳಿಯ ಅಂಗಡಿಯವನು ಮೂವತ್ತೆರಡು ವರ್ಷ ಮೊದಲೇ ಮಾಡಿ ತೋರಿಸಿದ್ದ ಕೆಲಸ.

ಸೈಕೆಡೆಲಿಕ್ ರಾಕ್ ಅಂತ ಕರೆಯುವುದರ ಮೊದಲ ಕಾಲದಲ್ಲಿ ಗಿಲ್ಮೋರ್ ಇರಲೇ ಇಲ್ಲ. 1966–67ರ ಲಂಡನ್ನಿನಲ್ಲಿ, ಯುಎಫ್‌ಒ ಅನ್ನುವ ಕ್ಲಬ್ಬಿನಲ್ಲಿ, ಗಾಜಿನ ಎರಡು ಸ್ಲೈಡುಗಳ ನಡುವೆ ಬಣ್ಣದ ಎಣ್ಣೆ ಹಾಕಿ ಪ್ರೊಜೆಕ್ಟರಿನ ಬಿಸಿಗೆ ಕುದಿಸಿ, ಆ ಹರಿದಾಡುವ ಬೆಳಕನ್ನು ಮೈಮೇಲೆ ಬಿಟ್ಟುಕೊಂಡು ನುಡಿಸುತ್ತಿದ್ದ ಪಿಂಕ್ ಫ್ಲಾಯ್ಡ್ ತಂಡದ ನಾಯಕ ಸಿಡ್ ಬ್ಯಾರೆಟ್. ಕೇಂಬ್ರಿಜ್‌ನಲ್ಲಿ ಗಿಲ್ಮೋರ್ ಅವರ ಗೆಳೆಯ. ಇಬ್ಬರೂ ಜೊತೆಗೆ ಕೂತು ಗಿಟಾರ್ ತಿದ್ದಿಕೊಂಡವರು. ಎಲ್‌ಎಸ್‌ಡಿ, ಅದರ ಜೊತೆ ಮನಸ್ಸಿನ ಏರುಪೇರು, ಎರಡೂ ಸೇರಿ ಸಿಡ್ ವೇದಿಕೆಯ ಮೇಲೆ ಒಂದೇ ಸ್ವರ ಹಿಡಿದು ನಿಂತುಬಿಡುವ ಸ್ಥಿತಿಗೆ ಬಂದಾಗ ಗಿಲ್ಮೋರ್ ಐದನೆಯವರಾಗಿ ತಂಡ ಸೇರಿದರು. 1968ರ ಜನವರಿಯಲ್ಲಿ ಒಂದು ದಿನ ಕಾರ್ಯಕ್ರಮಕ್ಕೆ ಹೊರಟ ಕಾರಿನಲ್ಲಿ ಸಿಡ್‌ನನ್ನು ಹತ್ತಿಸಿಕೊಳ್ಳೋಣವಾ ಅಂತ ಮಾತು ಬಂತು. ಬೇಡ ಬಿಡು ಅಂದರು. ಅಷ್ಟೇ. ಜಗಳವಿಲ್ಲ, ರಾಜೀನಾಮೆ ಪತ್ರವಿಲ್ಲ.

ಏಳು ವರ್ಷದ ಮೇಲೆ, 1975ರ ಜೂನಿನಲ್ಲಿ, ಆ ಸಿಡ್‌ನ ಮೇಲೆಯೇ ಕಟ್ಟಿದ ‘ಶೈನ್ ಆನ್’ ಹಾಡಿನ ಕೆಲಸ ಅಬೆ ರೋಡ್ ಸ್ಟುಡಿಯೋದಲ್ಲಿ ನಡೆದಿದ್ದಾಗ ದಪ್ಪಗಿನ ಮನುಷ್ಯನೊಬ್ಬ ಒಳಗೆ ಬಂದು ನಿಂತ. ತಲೆ ಬೋಳು, ಹುಬ್ಬೂ ಬೋಳು. ಯಾರೋ ಸ್ಟುಡಿಯೋದವನಿರಬೇಕು ಅಂತ ಇವರೆಲ್ಲ ತಮ್ಮ ಕೆಲಸದಲ್ಲಿದ್ದರು. ಅವನೇ ಸಿಡ್ ಅಂತ ಗುರುತು ಹತ್ತಲು ಬಹಳ ಹೊತ್ತು ಹಿಡಿಯಿತು. ಗೊತ್ತಾದಾಗ ವಾಟರ್ಸ್ ಅತ್ತರಂತೆ. ಈ ಕತೆಯನ್ನು ಹಾಸ್ಟೆಲ್ಲಿನಲ್ಲಿ ನನಗೆ ಹೇಳಿದ್ದು ರೂಮ್‌ಮೇಟ್ ಗಿಟಾರ್ ಗೌಡ. ‘ಜತಿಗೆ ಬೆಳದ ಗೆಳ್ಯಾನ್ನ ಗುರ್ತ ಹಿಡೀಲಿಲ್ಲಂದ್ರ ಎಂಥಾ ಮಂದಿಲೇ ಅವ್ರು’ ಅಂತ ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಗೌಡನ ಗಿಟಾರು ಗಿವ್ಸನ್. ಗಿಬ್ಸನ್ ಅಲ್ಲ, ನಮ್ಮ ದೇಶದ ಗಿವ್ಸನ್. ಬೇಸಿಗೆಯಲ್ಲಿ ಕುತ್ತಿಗೆ ಬಾಗುತ್ತಿತ್ತು, ಮಳೆಗಾಲದಲ್ಲಿ ಶ್ರುತಿ ಇಳಿಯುತ್ತಿತ್ತು. ನನ್ನ ಕ್ಯಾಸೆಟ್ಟಿನ ಬಿ ಸೈಡಿನಲ್ಲಿ ಆಲ್ಬಮ್ಮಿನ ಕೊನೆಯ ಹಾಡು ಮುಗಿದ ಮೇಲೆ ಹದಿನೇಳು ನಿಮಿಷ ಖಾಲಿ ಉಳಿದಿತ್ತು. ದುಡ್ಡು ಕೊಟ್ಟ ಟೇಪು ಹಾಳಾಗಬಾರದು ಅಂತ ಒಂದು ಸಂಜೆ ಅವನ ವಾದನವನ್ನೇ ಅಲ್ಲಿ ತುಂಬಿಸಿದ್ದೆವು.

ಹೊಸ ಆಲ್ಬಮ್ಮಿನ ಶೀರ್ಷಿಕೆ ಗೀತೆಯ ಒಳಗೂ ಇಂಥದೇ ಒಂದು ಹಳೆಯ ಸಂಜೆ ಕೂತಿದೆ. 2007ರಲ್ಲಿ ಗಿಲ್ಮೋರ್ ತಮ್ಮ ಮನೆಯ ಬಾರ್ನಿನಲ್ಲಿ ಕೆಲವರನ್ನು ಸೇರಿಸಿಕೊಂಡು ಸುಮ್ಮನೆ ನುಡಿಸಿದ್ದರು. ಬಾರ್ನ್ ಅಂದರೆ ನಮ್ಮ ಕೊಟ್ಟಿಗೆ, ಕಣಜ, ಹುಲ್ಲಿನ ಮನೆ ಮೂರೂ ಒಂದೇ ಸೂರಿನಡಿ ಬಂದ ಹಾಗೆ. ಕೀಬೋರ್ಡಿನಲ್ಲಿದ್ದವರು ರಿಚರ್ಡ್ ರೈಟ್, ನಮ್ಮಪ್ಪ ತಂಬೂರಿ ಅಂದುಕೊಂಡ ಸ್ವರ ಹರಡಿದವರು. 2008ರ ಸೆಪ್ಟೆಂಬರಿನಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಹದಿನೇಳು ವರ್ಷ ಮಲಗಿದ್ದ ಆ ಬೈಠಕ್ಕಿನ ಮೇಲೆ ಗಿಲ್ಮೋರ್ ಈ ಹಾಡನ್ನು ಕಟ್ಟಿದ್ದಾರೆ. ಆಲ್ಬಮ್ಮಿನ ಕೊನೆಗೆ, ಬೋನಸ್ಸಾಗಿ, ಮೂಲ ಬೈಠಕ್ಕೂ ಇದೆ, ಹದಿನಾಲ್ಕು ನಿಮಿಷ. ಶೃಂಗರಿಸಿದ ಹಾಡಿಗಿಂತ ನನಗೆ ಇದೇ ಹೆಚ್ಚು ಹಿಡಿಸಿತು. ರೈಟ್ ಹೆಚ್ಚೇನೂ ಮಾಡುವುದಿಲ್ಲ. ಗಿಟಾರು ಒಂದು ಮಾತು ಹೇಳುತ್ತದೆ. ಅವರು ಹೂಂ ಅನ್ನುತ್ತಾರೆ. ಜಗಲಿಯ ಮೇಲೆ ಕೂತು ಹೂಂಗುಟ್ಟುವವರಿಲ್ಲದಿದ್ದರೆ ಕತೆ ಹೇಳುವವನ ಗತಿಯೇನು ಅನ್ನುವುದು ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ.

ಉಳಿದ ಹಾಡುಗಳಲ್ಲಿ ನನ್ನ ಓಟು ‘ಬಿಟ್ವೀನ್ ಟೂ ಪಾಯಿಂಟ್ಸ್’ಗೆ. ಅದು ಗಿಲ್ಮೋರ್ ಬರೆದದ್ದಲ್ಲ. ಮಾಂಟ್‌ಗಾಲ್ಫಿಯರ್ ಬ್ರದರ್ಸ್ ಅನ್ನುವವರ 1999ರ ಹಾಡು. ಹಾಡಿದವಳು ಗಿಲ್ಮೋರ್ ಅವರ ಮಗಳು ರೋಮನಿ. ಹಾರ್ಪ್ ನುಡಿಸಿದವಳೂ ಅವಳೇ. ಕೊರೊನಾ ಕಾಲದಲ್ಲಿ ಮನೆಮಂದಿಯೆಲ್ಲ ಕೂತು ನೇರಪ್ರಸಾರ ಮಾಡುತ್ತಿದ್ದಾಗ ಅಪ್ಪನ ಪಕ್ಕ ಹಾಡಲು ಶುರುಮಾಡಿದ ಹುಡುಗಿ. ಬೇಸರ ಬಂದವಳ ಹಾಗೆ, ಯಾರಿಗೂ ಏನನ್ನೂ ಒಪ್ಪಿಸಬೇಕಿಲ್ಲದವಳ ಹಾಗೆ ಹಾಡುತ್ತಾಳೆ. ಅವಳು ಮುಗಿಸಿದ ಮೇಲಷ್ಟೆ ಅಪ್ಪ ಗಿಟಾರು ಎತ್ತಿಕೊಳ್ಳುವುದು.

ಅದೇ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಗಿಲ್ಮೋರ್ ಊರೂರು ಸುತ್ತಲಿಲ್ಲ. ನಾಲ್ಕೈದು ಕಡೆ ಠಿಕಾಣಿ ಹೂಡಿದರು. ರೋಮ್‌ನಲ್ಲಿ ಆರು ರಾತ್ರಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಆರು, ಆಮೇಲೆ ಲಾಸ್ ಏಂಜಲೀಸ್, ಕೊನೆಗೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಐದು. ರೋಮ್‌ನಲ್ಲಿ ನುಡಿಸಿದ್ದು ಸರ್ಕಸ್ ಮ್ಯಾಕ್ಸಿಮಸ್‌ನಲ್ಲಿ, ಎರಡು ಸಾವಿರ ವರ್ಷದ ಹಿಂದೆ ರಥಗಳು ಓಡುತ್ತಿದ್ದ ಬಯಲಿನಲ್ಲಿ. ಹಾಳುಬಿದ್ದ ಕಲ್ಲುಗಳೆಂದರೆ ಈ ಮನುಷ್ಯನಿಗೆ ಏನೋ ಋಣ. 1971ರಲ್ಲಿ ಪಾಂಪೆಯ ಪಾಳು ರಂಗಮಂದಿರದಲ್ಲಿ ಪಿಂಕ್ ಫ್ಲಾಯ್ಡ್ ಪ್ರೇಕ್ಷಕರೇ ಇಲ್ಲದೆ ಸಿನಿಮಾಕ್ಕಾಗಿ ನುಡಿಸಿತ್ತು. 2016ರಲ್ಲಿ ಅದೇ ಜಾಗಕ್ಕೆ ಹೋಗಿ ಈ ಸಲ ಜನರನ್ನು ಕೂರಿಸಿಕೊಂಡು ನುಡಿಸಿ ಬಂದಿದ್ದರು.

ರೋಮ್‌ನ ಕಛೇರಿ ಸಿನಿಮಾ ಆಗಿ ಬಂದದ್ದನ್ನು ಮಗಳು ಟೀವಿಗೆ ಹಾಕಿಕೊಟ್ಟಳು. ಬಿಳಿ ಗಡ್ಡ, ಕಪ್ಪು ಅಂಗಿ, ಹಂದಾಡದೆ ನಿಂತ ದೇಹ. ಕಂಠದಲ್ಲಿ ಹಳೆಯ ನುಣುಪಿಲ್ಲ. ಆದರೆ ಎಡಗೈಯ ಉಂಗುರ ಬೆರಳು ತಂತಿಯನ್ನು ಮೇಲಕ್ಕೆ ನೂಕುವಾಗ ನೋಡಬೇಕು: ಸ್ವರ ಮುಟ್ಟಬೇಕಾದ ಜಾಗಕ್ಕೆ ಒಂದೇ ಏಟಿಗೆ ಹೋಗುವುದಿಲ್ಲ, ಸ್ವಲ್ಪ ಕೆಳಗೇ ತಡೆದು, ನಮ್ಮನ್ನು ಕಾಯಿಸಿ, ಆಮೇಲೆ ಹತ್ತಿ, ಅಲ್ಲಿ ನಡುಗುತ್ತದೆ. ಮೀಂಡ್ ಅನ್ನಲು ನನಗೆ ಸಂಕೋಚವಿಲ್ಲ. ಅಪ್ಪ ಇದ್ದಿದ್ದರೆ ಅಡಿಕೆ ಮತ್ತೆ ನಿಲ್ಲುತ್ತಿತ್ತು. ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ಗೆ ಹೆಂಗಸರು ಪಿಯಾನೋ ಸುತ್ತ ನೆರೆದು ಮೆಲುದನಿಯಲ್ಲಿ ಹಂಚಿಕೊಂಡು ಹಾಡಿದರು. 1973ರಲ್ಲಿ ಕ್ಲೇರ್ ಟೋರಿ ಒಬ್ಬಳೇ ಎದೆ ಬಿರಿದು ಹಾಡಿದ ಹಾಡು ಅದು. ಅವಳಿಗೆ ಅಂದು ಕೊಟ್ಟದ್ದು ಮೂವತ್ತು ಪೌಂಡು.

‘ಆ ಪ್ರಸಿದ್ಧ ಕಪ್ಪು ಗಿಟಾರ್ ಎಲ್ಲಿ?’ ಅಂದಳು ಮಗಳು. ಮಾರಿಬಿಟ್ಟರು ಅಂದೆ. 2019ರಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ಗಿಟಾರುಗಳನ್ನು ಹರಾಜಿಗಿಟ್ಟರು. ಕಪ್ಪು ಸ್ಟ್ರಾಟ್ ಒಂದಕ್ಕೇ ನಲವತ್ತು ಲಕ್ಷ ಡಾಲರಿನ ಹತ್ತಿರ ಬಂತು. ಒಟ್ಟು ಎರಡು ಕೋಟಿ ಡಾಲರಿಗೂ ಮೀರಿದ ಹಣ ಪರಿಸರಕ್ಕಾಗಿ ಕೋರ್ಟಿನಲ್ಲಿ ಹೋರಾಡುವ ಕ್ಲೈಂಟ್‌ಅರ್ತ್ ಸಂಸ್ಥೆಗೆ ಹೋಯಿತು. ಒಳಗಿನಿಂದ ಹೆಂಡತಿಯ ದನಿ ಬಂತು: ‘ಕೇಳಿಸ್ತಾ? ಅವರು ಅಂಥಾದ್ದನ್ನೇ ಕೊಟ್ಟುಬಿಟ್ಟರು. ನೀವು ಅಟ್ಟದ ಮೇಲಿನ ಆ ಕ್ಯಾಸೆಟ್ ಡಬ್ಬ ಯಾವಾಗ ಇಳಿಸ್ತೀರಿ?’

ಇಳಿಸಿದೆ. ಟೇಪ್ ರೆಕಾರ್ಡರಿನ ರಬ್ಬರ್ ಬೆಲ್ಟು ಕರಗಿ ಡಾಂಬರಾಗಿತ್ತು. ಎಸ್.ಪಿ. ರೋಡಿನಲ್ಲಿ ಅಲೆದು ಹೊಸದು ತಂದು, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಸಡಿಲಾದ ಟೇಪನ್ನು ಪೆನ್ಸಿಲ್ ತೂರಿಸಿ ಬಿಗಿಮಾಡಿ ಹಚ್ಚಿದೆ. ಎ ಸೈಡು ಅದೇ ಜಾಗದಲ್ಲಿ ಟಕ್ ಅಂತು. 2002ರ ಬೇಸಿಗೆಯಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ವಾಟರ್ಸ್ ಬಂದಿದ್ದಾಗಲೂ ಹೀಗೇ ಆಗಿತ್ತು. ಸಾವಿರಾರು ಜನ ಒಟ್ಟಿಗೆ ಆ ಹಾಡು ಹೇಳುತ್ತಿದ್ದಾರೆ, ಪಲ್ಲವಿ ಇಳಿಯುವ ಜಾಗದಲ್ಲಿ ನನ್ನೊಬ್ಬನ ಕೈ ಕ್ಯಾಸೆಟ್ ತಿರುವಿಹಾಕಲು ತಾನಾಗಿ ಮುಂದೆ ಹೋಗಿತ್ತು. ಪಕ್ಕದಲ್ಲಿ ಗೌಡ ಇರಲಿಲ್ಲ. ಅಷ್ಟರಲ್ಲಿ ನ್ಯೂಜೆರ್ಸಿ ಸೇರಿದ್ದ. ಮೊದಲು ಪತ್ರ, ಆಮೇಲೆ ಇಮೇಲು, ಆಮೇಲೆ ಹಬ್ಬದ ದಿನದ ಫಾರ್ವರ್ಡು, ಆಮೇಲೆ ಅದೂ ಇಲ್ಲ. ಹನ್ನೊಂದು ವರ್ಷದಿಂದ ಮಾತಿಲ್ಲ. ಯಾವ ಜಗಳವೂ ಇಲ್ಲ.

ಬಿ ಸೈಡಿನಲ್ಲಿ ಹಾಡು ಮುಗಿದು ಒಂದಿಷ್ಟು ಸುಯ್ಯಲು. ಆಮೇಲೆ ನಮ್ಮ ರೂಮು: ಫ್ಯಾನಿನ ಕಟಕಟ, ಮೆಸ್ಸಿನ ತಟ್ಟೆ ಸದ್ದು, ಹೊರಗೆ ಯಾರೋ ‘ಲೇ, ಚಪಾತಿ ಖಾಲಿ ಆಗತಾವು’ ಅಂದದ್ದು. ಗಿಟಾರು ‘ವಿಶ್ ಯೂ ವರ್ ಹಿಯರ್’ನ ಶುರುವನ್ನು ಹಿಡಿಯಿತು. ಮೂರನೇ ತಂತಿ ಇಳಿದಿತ್ತು. ಪ್ರತಿ ಸಲವೂ ಒಂದೇ ಜಾಗದಲ್ಲಿ ಎಡವಿ, ಹಿಂದಕ್ಕೆ ಹೋಗಿ, ಮತ್ತೆ ಬರುವುದು. ಇದೇ ಗೌಡನ ಜಾಯಮಾನ, ಸೋಲೊಪ್ಪುವವನಲ್ಲ ಅಂದುಕೊಂಡೆ. ನಡುವೆ ಒಂದು ಕೆಮ್ಮು, ರೆಕಾರ್ಡಿನಲ್ಲಿದ್ದ ಹಾಗೇ, ಬೇಕೆಂದೇ. ಕಡೆಗೆ ಪಲ್ಲವಿ ಇಳಿಯುವ ಜಾಗ ಬಂದಾಗ ವಾದನ ನಿಂತಿತು, ಬಾಯಲ್ಲಿ ಯಾರೋ ‘ಟಕ್’ ಅಂದರು, ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆ ಟಕ್ ನನ್ನದು, ನೆನಪಿದೆ.

ಆ ಮೂರು ನಿಮಿಷವನ್ನು ಫೋನಿನಲ್ಲಿ ಹಿಡಿದು ಗೌಡನ ಹಳೆಯ ನಂಬರಿಗೆ ಕಳಿಸಿದೆ. ‘ನಿನ್ನ ಗಿವ್ಸನ್ ಇನ್ನೂ ಐತೇನಲೇ? ಮ್ಯಾಡಿಸನ್ ಸ್ಕ್ವೇರಿಗೆ ಹೋಗಿದ್ಯೋ ಇಲ್ಲೋ?’ ಅಂತ ಬರೆದೆ. ಎರಡು ದಿನ ಏನೂ ಇಲ್ಲ. ಮೂರನೇ ದಿನ ಬೆಳಗಿನ ಜಾವ ಉತ್ತರ ಬಂತು.

‘ಹೋಗಿದ್ದೆ. ಕಡೀ ದಿನ. ಫೋನ್ ಮಾಡ್ತೀನಿ, ಹೇಳೂದು ಭಾಳ ಐತಿ. ಆದ್ರ ಇದು ನಾನಲ್ಲ ಮಾರಾಯಾ. ಅವತ್ತ ನಾ ನಿನಗ ಕಲಸಾಕ ಹತ್ತಿದ್ದೆ. ಬಾರಿಸಿದಾಂವ ನೀನು. ಕೆಮ್ಮು ನಂದು, ಟಕ್ಕೂ ನಂದು.’