ಹಾದಿ ತಪ್ಪಿದ ರೆಕಾರ್ಡಿಂಗ್

ಕಳೆದ ಮಳೆಗಾಲದಲ್ಲಿ ರಾಮನಗರದ ಅಜ್ಜಿಯೊಬ್ಬರ ನಲವತ್ತು ನಿಮಿಷದ ಮಾತನ್ನು ನಾನೇ ಅಳಿಸಿಹಾಕಿದೆ. ವೈರಸ್ಸಲ್ಲ, ಕರೆಂಟ್ ಹೋದದ್ದೂ ಅಲ್ಲ. ನಾನೇ ಬರೆದ ಹನ್ನೆರಡು ಸಾಲಿನ ಪ್ರೋಗ್ರಾಂ ಅದನ್ನು ಅಳಿಸಿತು.

ಅಜ್ಜಿ ಹಳೆಯ ಸೂಪಾದವರು. ಗಣೇಶಗುಡಿಯಲ್ಲಿ ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಬಂದು ಸೂಪಾ ಮುಳುಗಿತು. ತಾಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು, ಊರು ಕಳೆದುಕೊಂಡ ಹಲವರು ರಾಮನಗರಕ್ಕೆ ಬಂದರು. ಆ ಪೇಟೆಯಲ್ಲಿ ಯಾವ ಅಂಗಡಿಯ ಪಕ್ಕ ಯಾರ ಮನೆ ಇತ್ತು ಎಂದು ಅಜ್ಜಿ ಸಾಲಾಗಿ ಹೇಳಿದ್ದರು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂದು ನಾಲ್ಕು ಫೋಲ್ಡರ್ ಮಾಡಿ ನಾನು ರೆಕಾರ್ಡಿಂಗ್ ಇಡುತ್ತೇನೆ. ಲ್ಯಾಪ್‌ಟಾಪಿನಲ್ಲಿ ಜಾಗ ಮುಗಿದಾಗ, ಪಟ್ಟಿಯಲ್ಲಿರುವ ಫೈಲುಗಳನ್ನು ಹಾರ್ಡ್ ಡಿಸ್ಕಿಗೆ ನಕಲಿಸಿ ಮೂಲವನ್ನು ಅಳಿಸುವ ಪ್ರೋಗ್ರಾಂ ಬರೆದೆ. ಭಾಷೆ ಹ್ಯಾಸ್ಕೆಲ್. ಟೈಪ್ ಹೊಂದದಿದ್ದರೆ ಕಂಪೈಲರ್ ಮುಂದಕ್ಕೇ ಬಿಡುವುದಿಲ್ಲ ಎಂಬ ಧೈರ್ಯವಿತ್ತು.

ಪಟ್ಟಿಯಲ್ಲಿ ಎಲ್ಲ ಹಾದಿಗಳೂ ‘ಹಳಿಯಾಳ/ಸಂತೆ’ ಎಂಬಂತೆ ಇದ್ದವು. ಅಜ್ಜಿಯ ಫೈಲು ಮಾತ್ರ ಬೇರೆ ಕಡೆ ಇತ್ತು. ಅದಕ್ಕೆ ಓರೆಗೆರೆಯಿಂದ ಶುರುವಾಗುವ ಪೂರ್ತಿ ಹಾದಿ ಬರೆದೆ.

ಎಡವಿದ್ದು ಅಲ್ಲೇ. ಹ್ಯಾಸ್ಕೆಲ್‌ನ ‘ಫೈಲ್‌ಪಾತ್’ ಲೈಬ್ರರಿಯಲ್ಲಿ ಎರಡು ಹಾದಿ ಜೋಡಿಸುವಾಗ ಎರಡನೆಯದು ಪೂರ್ತಿ ಹಾದಿಯಾಗಿದ್ದರೆ ಮೊದಲನೆಯದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ‘ಡಿಸ್ಕ್’ ಜೊತೆ ‘/ಮನೆ/ಅಜ್ಜಿ’ ಸೇರಿಸಿದರೆ ಸಿಗುವುದು ‘/ಮನೆ/ಅಜ್ಜಿ’ ಅಷ್ಟೇ. ಪ್ರೋಗ್ರಾಂ ಆ ಫೈಲನ್ನು ಅದರ ಮೇಲೆಯೇ ನಕಲಿಸಿತು, ಆಮೇಲೆ ಮೂಲ ಎಂದು ಅದನ್ನೇ ಅಳಿಸಿತು. ರೆಕಾರ್ಡರಿನ ಕಾರ್ಡನ್ನು ನಾನು ಆಗಲೇ ಖಾಲಿ ಮಾಡಿದ್ದೆ.

ಕಂಪೈಲರ್ ಯಾಕೆ ತಡೆಯಲಿಲ್ಲ? ಆ ಭಾಷೆಯಲ್ಲಿ ಫೈಲ್‌ಪಾತ್ ಎಂಬುದು ಬೇರೆ ಟೈಪೇ ಅಲ್ಲ, ಸಾದಾ ಅಕ್ಷರಗಳ ಸಾಲಿಗೆ, ಅಂದರೆ ಸ್ಟ್ರಿಂಗ್‌ಗೆ, ಇಟ್ಟ ಇನ್ನೊಂದು ಹೆಸರು. ಹಾದಿಯಾಗಲಿ, ಅಜ್ಜಿಯ ಹೆಸರಾಗಲಿ, ಅದರ ಕಣ್ಣಿಗೆ ಎಲ್ಲ ಒಂದೇ.

‘ಪಾತ್’ ಎಂಬ ಇನ್ನೊಂದು ಲೈಬ್ರರಿ ಇದೆ. ಅದರಲ್ಲಿ ಹಾದಿ ಪೂರ್ತಿಯೋ ಅರ್ಧವೋ, ಫೈಲಿನದೋ ಫೋಲ್ಡರಿನದೋ ಎಂಬುದು ಟೈಪಿನಲ್ಲೇ ಇರುತ್ತದೆ. ಜೋಡಿಸುವಾಗ ಎಡಕ್ಕೆ ಫೋಲ್ಡರೇ ಬರಬೇಕು, ಬಲಕ್ಕೆ ಅರ್ಧ ಹಾದಿಯೇ ಬರಬೇಕು. ಪಟ್ಟಿಯ ಪ್ರತಿ ಸಾಲನ್ನೂ ಮೊದಲು ಅರ್ಧ ಹಾದಿ ಎಂದು ಓದಿಸಬೇಕು. ಅಜ್ಜಿಯ ಸಾಲು ಬಂದಾಗ ಅಲ್ಲೇ ದೋಷ ತೋರಿಸಿ ನಿಲ್ಲುತ್ತಿತ್ತು.

ನಮ್ಮ ಕಡೆ ಇದು ಹೊಸ ವಿಷಯವಲ್ಲ. ‘ಸೇತುವೆ ದಾಟಿ ಎಡಕ್ಕೆ’ ಅಂದರೆ ಯಾವ ಸೇತುವೆ ಎಂದು ಕೇಳುತ್ತೇವೆ. ಅದು ಅರ್ಧ ಹಾದಿ, ಎಲ್ಲಿಂದ ಎಂದು ಗೊತ್ತಿಲ್ಲದೆ ಹೊರಡುವ ಹಾಗಿಲ್ಲ. ಇಷ್ಟು ಗೊತ್ತಿದ್ದೂ ಕಂಪ್ಯೂಟರಿನ ಮುಂದೆ ಕೂತಾಗ ಮರೆತೆ.

ಈಗ ಪಾತ್ ಲೈಬ್ರರಿ ಬಳಸುತ್ತೇನೆ. ಆದರೆ ಡಿಸ್ಕಿನಲ್ಲಿ ಫೈಲು ನಿಜಕ್ಕೂ ಕೂತಿದೆಯೇ ಎಂದು ಟೈಪ್ ಹೇಳುವುದಿಲ್ಲ. ಹಾಗಾಗಿ ನಕಲಿಸುವ ಪ್ರೋಗ್ರಾಮಿಗೆ ಅಳಿಸುವ ಕೆಲಸ ಕೊಡುವುದಿಲ್ಲ. ನಕಲನ್ನು ತೆರೆದು, ಕೇಳಿ, ಆಮೇಲೆ ನಾನೇ ಅಳಿಸುತ್ತೇನೆ.

ಮತ್ತೆ ರಾಮನಗರಕ್ಕೆ ಹೋದೆ. “ಅವತ್ತ ಹೇಳೀನಲ್ಲೋ ತಮ್ಮಾ, ಮತ್ಯಾಕ?” ಅಂದರು ಅಜ್ಜಿ. ಅಳಿಸಿಹೋಯಿತು ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು. ಈ ಸಲ ಹದಿನೈದು ನಿಮಿಷ. ಎರಡು ಅಂಗಡಿಗಳ ನಡುವಿನ ಒಂದು ಮನೆ ಅವರಿಗೆ ನೆನಪಾಗಲಿಲ್ಲ. ಅದು ಯಾರದೆಂದು ನನಗೂ ನೆನಪಿರಲಿಲ್ಲ.