ಮಠದ ಬೆಕ್ಕಿನ ಪಥ್ಯ



ಕಳೆದ ಎರಡು ತಿಂಗಳಿಂದ ಶ್ರೀಮಠಕ್ಕೆ ಬಂದುಹೋಗುವ ಸದ್ಭಕ್ತರಲ್ಲಿ ಅನೇಕರು ನಮ್ಮನ್ನು ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಕೆಲವರು ನೇರವಾಗಿ ಕೇಳುತ್ತಾರೆ. ಕೆಲವರು ನಮಸ್ಕರಿಸಿ ಹೊರಡುವಾಗ ಧ್ವನಿ ತಗ್ಗಿಸಿ ಕೇಳುತ್ತಾರೆ. ದೂರದ ಊರುಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ದೂರವಾಣಿಯಲ್ಲಿ ಕೇಳಿದ್ದೂ ಉಂಟು. "ಅಪ್ಪಾರ, ಮಠದ ಬೆಕ್ಕಿಗೆ ತತ್ತಿ, ಕೋಳಿ ತಿನ್ನಸ್ತಾರಂತ, ಖರೆ ಏನ್ರಿ?"

ಖರೆ. ಆದರೆ ಅರ್ಧ ಸುದ್ದಿ ಊರು ಸುತ್ತುವುದಕ್ಕಿಂತ ಪೂರ್ಣ ಸಂಗತಿಯನ್ನು ನಾವೇ ಬರೆದು ತಿಳಿಸುವುದು ಲೇಸೆಂದು ಈ ತಿಂಗಳ ಲೇಖನವನ್ನು ಅದಕ್ಕಾಗಿಯೇ ಮೀಸಲಿಟ್ಟಿದ್ದೇವೆ. ಮನೆಯಲ್ಲಿ ಬೆಕ್ಕು ಸಾಕಿರುವ ಭಕ್ತರಿಗೆ ಇದರಿಂದ ಕಿಂಚಿತ್ ಪ್ರಯೋಜನವೂ ಆದೀತು.

ಈ ಬೆಕ್ಕು ಶ್ರೀಮಠದ ಸ್ವತ್ತಲ್ಲ. ಇಳಕಲ್ಲಿನ ನಿವೃತ್ತ ಶಿಕ್ಷಕಿಯೊಬ್ಬರು ಮಠದ ಹಳೆಯ ಭಕ್ತರು, ಒಂಟಿ ಜೀವ. ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ನಾಲ್ಕು ತಿಂಗಳ ಕಾಲ ಅಲ್ಲಿಯೇ ತಂಗಿಯ ಮನೆಯಲ್ಲಿರಬೇಕಾದ ಪ್ರಸಂಗ ಅವರಿಗೊದಗಿತು. ಎರಡು ವರ್ಷದ ಬೂದುಬಣ್ಣದ ಹೆಣ್ಣುಬೆಕ್ಕನ್ನು ಬುಟ್ಟಿಯಲ್ಲಿಟ್ಟು ಹುನಗುಂದಕ್ಕೆ ತಂದು, "ಅಪ್ಪಾರ, ನಾ ತಿರುಗಿ ಬರೂತನಕ ಇದು ನಿಮ್ಮ ಉಡಿಯೊಳಗಿರ್ಲಿ" ಎಂದು ಕೇಳಿಕೊಂಡರು. ಲಸಿಕೆ ಹಾಕಿಸಿದ ಚೀಟಿಯನ್ನೂ, ಅದು ತಿನ್ನುತ್ತಿದ್ದ ಪೊಟ್ಟಣದ ಆಹಾರವನ್ನೂ ಜೊತೆಗೆ ಕೊಟ್ಟರು. ಒಬ್ಬರು ನಂಬಿ ಒಪ್ಪಿಸಿದ ವಸ್ತುವನ್ನು ನಮ್ಮ ಹಿರಿಯರು ನ್ಯಾಸವೆಂದು ಕರೆದಿದ್ದಾರೆ. ಹೊನ್ನಾದರೆ ತೂಗಿ ಪಡೆದು ತೂಗಿ ಹಿಂದಿರುಗಿಸಬಹುದು. ಪ್ರಾಣಿಯಾದರೆ ಅದು ದಿನವೂ ಉಣ್ಣಬೇಕು, ಉಂಡದ್ದು ಅರಗಬೇಕು. ಹೊಣೆ ಅಲ್ಲಿದೆ.

ಮರುದಿನವೇ ನಾವು ಶ್ರಾವಣಮಾಸದ ಪ್ರವಚನಕ್ಕಾಗಿ ಬಾದಾಮಿ ತಾಲೂಕಿನ ಗ್ರಾಮವೊಂದಕ್ಕೆ ತೆರಳಿದೆವು. ಇತ್ತ ಪೊಟ್ಟಣವನ್ನು ಬಿಚ್ಚಿದಾಗ ಮೀನಿನ ವಾಸನೆ ಬಂದಿತೆಂದು ಅಡುಗೆಯವರು ಅದನ್ನು ಅಂದೇ ಹೊರಗಿಟ್ಟರು. ಬೆಕ್ಕಿಗೇನೂ ಕೊರತೆ ಮಾಡಲಿಲ್ಲ. ಬೆಳಿಗ್ಗೆ ಬಟ್ಟಲು ತುಂಬ ಎಮ್ಮೆಯ ಹಾಲು. ಮಧ್ಯಾಹ್ನ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿದ್ದು. ಶ್ರಾವಣ ಸೋಮವಾರಗಳಂದು ದಾಸೋಹದಲ್ಲಿ ಗೋದಿ ಹುಗ್ಗಿಯಾದುದರಿಂದ ಹುಗ್ಗಿ, ಮೇಲೆ ತುಪ್ಪ. ದರ್ಶನಕ್ಕೆ ಬಂದ ತಾಯಂದಿರೂ ಗಿಂಡಿಯಲ್ಲಿ ಹಾಲು ತಂದು ಹಾಕಿದರು. ಪ್ರೀತಿಗೆ ಅಲ್ಲಿ ಮಿತಿಯೇ ಇರಲಿಲ್ಲ.

ಹದಿನೈದು ದಿನಗಳ ತರುವಾಯ ನಾವು ಹಿಂದಿರುಗಿದಾಗ ಪ್ರಸಾದನಿಲಯದ ಹುಡುಗರು ಬೂದಿಯ ಬುಟ್ಟಿ ಹಿಡಿದು ಪಡಸಾಲೆಯಲ್ಲಿ ನಿಂತಿದ್ದರು. ಬೆಕ್ಕಿಗೆ ದಿನಕ್ಕೆ ಆರೇಳು ಬಾರಿ ನೀರಿನಂಥ ಭೇದಿ. ರೋಮ ಒರಟಾಗಿ ನಿಮಿರಿತ್ತು. ಬೆನ್ನೆಲುಬು ಕೈಗೆ ಸಿಗುತ್ತಿತ್ತು. ಅಡುಗೆಯವರು ಕಳವಳದಿಂದ, "ಹೊಟ್ಟಿ ಉಷ್ಣ ಆಗೇತಿ ಅಂತ ತಂಪಿಗೆ ಇನ್ನಷ್ಟು ಹಾಲ ಹಾಕಿದ್ವಿರಿ ಅಪ್ಪಾರ" ಎಂದರು. ರೋಗದ ಮೂಲವೇ ಮದ್ದೆಂದು ಬಳಕೆಯಾಗುತ್ತಿತ್ತು. ಅಂದು ಸಂಜೆ ಶಿಕ್ಷಕಿಯವರ ಕರೆ ಬಂದಿತು. ಮರುದಿನ ಬೆಳಿಗ್ಗೆ ಅವರ ಶಸ್ತ್ರಚಿಕಿತ್ಸೆ. ತಮ್ಮ ವಿಷಯವನ್ನು ಒಂದು ಮಾತಿನಲ್ಲಿ ಮುಗಿಸಿ, "ಅದು ಉಂಡೈತೇನ್ರಿ?" ಎಂದು ಕೇಳಿದರು. ಹೊಟ್ಟೆ ಸ್ವಲ್ಪ ಕೆಟ್ಟಿದೆ, ವೈದ್ಯರಿಗೆ ತೋರಿಸುತ್ತೇವೆ, ನೀವು ನಿಶ್ಚಿಂತೆಯಿಂದಿರಿ ಎಂದು ಹೇಳಿದೆವು. ಆ ತಾಯಿ ನಿಶ್ಚಿಂತೆಯಿಂದ ಮಲಗಿದರೆಂದು ನಮಗೆ ತೋರಲಿಲ್ಲ.

ನಮ್ಮ ಪ್ರಸಾದನಿಲಯದಲ್ಲಿದ್ದು ಓದಿ, ಮುಂದೆ ಬೀದರದಲ್ಲಿ ಪಶುವೈದ್ಯ ಪದವಿ ಪಡೆದ ಶಿಷ್ಯರೊಬ್ಬರು ಅದೇ ರಾತ್ರಿ ಬಂದರು. ಜ್ವರವಿಲ್ಲ, ವಾಂತಿಯಿಲ್ಲ, ಮಲದಲ್ಲಿ ರಕ್ತವಿಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಂಡರು. ಲಸಿಕೆಯಿಲ್ಲದ ಎಳೆಯ ಬೆಕ್ಕಿನಲ್ಲಿ ಈ ಮೂರರ ಯಾವುದಾದರೊಂದು ಚಿಹ್ನೆ ಕಂಡರೆ ಅದು ಬೆಕ್ಕುಗಳ ಮಾರಕ ಸಾಂಕ್ರಾಮಿಕ ಭೇದಿಯಾಗಿರಬಹುದು. ಆಗ ಮನೆಮದ್ದಿನಲ್ಲಿ ಒಂದು ಗಳಿಗೆಯನ್ನೂ ಕಳೆಯಬಾರದೆಂದರು. ಹೆಗಲ ಮೇಲಿನ ಚರ್ಮವನ್ನು ಚಿಮಟಿ ಬಿಟ್ಟಾಗ ಅದು ಕೂಡಲೇ ಸ್ವಸ್ಥಾನಕ್ಕೆ ಮರಳಲಿಲ್ಲ. ದೇಹದಲ್ಲಿ ನೀರು ಕುಗ್ಗಿದೆಯೆಂದು ಚರ್ಮದಡಿಗೆ ದ್ರಾವಣವನ್ನು ಕೊಟ್ಟರು. ಮಲದ ಮಾದರಿಯನ್ನು ಒಯ್ದು ಪರೀಕ್ಷಿಸಿ, ಜಂತುಗಳಿಲ್ಲವೆಂದು ಮರುದಿನ ತಿಳಿಸಿದರು. ಉಳಿದದ್ದು ಆಹಾರವೊಂದೇ. ಒಗ್ಗಿದ ಆಹಾರ ಒಮ್ಮೆಲೇ ನಿಂತಿದೆ, ಒಗ್ಗದ ಆಹಾರ ಒಮ್ಮೆಲೇ ಬಂದಿದೆ.

ಹಾಲು ಮತ್ತು ಬೆಕ್ಕು ನಮ್ಮ ಭಾಷೆಯಲ್ಲಿ ಬಿಡಿಸಲಾಗದ ಜೋಡಿ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆ ಬಾರದ ಮಗುವಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡು ಓಡಿಹೋದ ಕಥೆಗೆ ನಾವೆಲ್ಲ ನಕ್ಕವರೇ. ಈಗ ಆಲೋಚಿಸಿದರೆ ಆ ಕಥೆಯಲ್ಲಿ ಆರೋಗ್ಯವಂತ ಬೆಕ್ಕು ಅದೊಂದೇ ಆಗಿದ್ದಿರಬೇಕು! ವಿಷಯವಿಷ್ಟು. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆದು ಜೀರ್ಣಿಸಲು ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ತಾಯ ಮೊಲೆಯುಣ್ಣುವ ಮರಿಯಲ್ಲಿ ಅದು ಹೇರಳವಾಗಿರುತ್ತದೆ. ಮೊಲೆ ಬಿಟ್ಟ ಮೇಲೆ ಕುಗ್ಗುತ್ತ ಹೋಗುತ್ತದೆ. ಒಡೆಯದೆ ಉಳಿದ ಸಕ್ಕರೆ ದೊಡ್ಡಕರುಳಿಗಿಳಿದು ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಅಲ್ಲಿಯ ಸೂಕ್ಷ್ಮಜೀವಿಗಳು ಅದನ್ನು ಹುಳಿಸಿ ವಾಯುವನ್ನೆಬ್ಬಿಸುತ್ತವೆ. ಹೊಟ್ಟೆಯುಬ್ಬರ, ಭೇದಿ ಅದರ ಫಲ. ಹಾಲು ಕುಡಿದರೆ ಹೊಟ್ಟೆ ಗುಡುಗುಡಿಸುವ ಭಕ್ತರು ನಮ್ಮಲ್ಲಿಯೂ ಇದ್ದಾರಲ್ಲವೆ? ಕಾರಣ ಅದೇ.

ಹುಗ್ಗಿಯ ವಿಷಯ ಇನ್ನೂ ಸೋಜಿಗದ್ದು. ಬೆಕ್ಕಿಗೆ ಸಿಹಿಯೆಂಬ ರುಚಿಯೇ ತಿಳಿಯದು. ಸಿಹಿಯನ್ನು ಗುರುತಿಸಲು ನಾಲಿಗೆಗೆ ಬೇಕಾದ ಒಂದು ಜೀನು ಬೆಕ್ಕಿನಲ್ಲಿಯೂ ಅದರ ದಾಯಾದಿಗಳಾದ ಹುಲಿ ಚೀತಾಗಳಲ್ಲಿಯೂ ಕೆಟ್ಟು ನಿಂತಿದೆಯೆಂಬುದನ್ನು ಅಮೇರಿಕೆಯ ಫಿಲಡೆಲ್ಫಿಯಾದಲ್ಲಿರುವ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದರು. ನಮ್ಮ ಬೆಕ್ಕು ಹುಗ್ಗಿಯ ಬಟ್ಟಲನ್ನು ನೆಕ್ಕಿದ್ದು ಮೇಲಿನ ತುಪ್ಪಕ್ಕಾಗಿ. ಬೆಲ್ಲ ಅದರ ಪಾಲಿಗೆ ವ್ಯರ್ಥ ಹೊರೆ.

ಭೇದಿಯನ್ನು ನಿಲ್ಲಿಸುವುದು ಕಠಿಣವಲ್ಲ. ಹಾಲು, ಹುಗ್ಗಿಗಳನ್ನು ನಿಲ್ಲಿಸಿದರೆ ಅದು ನಿಂತೀತು. ಮುಂದೆ ಏನನ್ನು ಹಾಕಬೇಕೆಂಬುದೇ ನಿಜವಾದ ಪ್ರಶ್ನೆಯಾಯಿತು. ಅನ್ನ, ಬೇಳೆ, ಮಜ್ಜಿಗೆಯಿಂದ ಸಾಗಿಸಬಹುದಲ್ಲವೇ ಎಂದು ನಾವು ಕೇಳಿದೆವು. ಹೊಟ್ಟೆ ತುಂಬೀತು, ದೇಹ ಉಳಿಯದು ಎಂದು ವೈದ್ಯ ಶಿಷ್ಯರು ಉತ್ತರಿಸಿದರು. ಟಾರಿನ್ ಎಂಬ ಪದಾರ್ಥವನ್ನು ಮನುಷ್ಯನ ದೇಹ ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಅದನ್ನು ಸಾಕಷ್ಟು ಮಾಡಿಕೊಳ್ಳುವ ಶಕ್ತಿಯಿಲ್ಲ. ಮಾಂಸ ಮೀನುಗಳಿಂದಲೇ ಪಡೆಯಬೇಕು. ಹಾಲಿನ ಸಾರವಾದ ಕೇಸಿನ್ ಪ್ರೋಟೀನನ್ನೇ ಆಧಾರವಾಗಿಟ್ಟು ಬೆಳೆಸಿದ ಬೆಕ್ಕುಗಳ ಕಣ್ಣಿನ ಅಕ್ಷಿಪಟಲ ಕ್ಷಯಿಸಿದ್ದು ಟಾರಿನ್ನಿನ ಅಭಾವದಿಂದಲೆಂಬುದು 1975ರಲ್ಲಿ ತಿಳಿದುಬಂದಿತು. ಅದೇ ಅಭಾವದಿಂದ ಹೃದಯದ ಸ್ನಾಯು ಸಡಿಲವಾಗಿ ಹಿಗ್ಗುತ್ತದೆಂಬುದನ್ನು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರುವ ವಿಶ್ವವಿದ್ಯಾಲಯದ ಸಂಶೋಧಕರು 1987ರಲ್ಲಿ ತೋರಿಸಿದರು. ಗಜ್ಜರಿಯೊಳಗಿನ ಕ್ಯಾರೋಟಿನನ್ನು ನಾವು 'ಎ' ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತೇವೆ. ಬೆಕ್ಕಿಗೆ ಅದೂ ಆಗದು. ಸಸ್ಯಾಹಾರದ ಮೇಲೆ ಬಾಳುವಂತೆ ಪರಮಾತ್ಮನು ಅದನ್ನು ನಿರ್ಮಿಸಿಲ್ಲ.

ಹಾಗಾದರೆ ಹಿಂದಿನ ಕಾಲದಲ್ಲಿ ಮಠದ ಬೆಕ್ಕುಗಳು ಹಾಲು ರೊಟ್ಟಿಯಿಂದಲೇ ಬಾಳಲಿಲ್ಲವೆ ಎಂದು ನೀವು ಕೇಳಬಹುದು. ಬಾಳಲಿಲ್ಲ, ಮಹಾಶಯರೇ. ಅಂದು ನೆಲದೊಳಗೆ ಜೋಳದ ಹಗೇವುಗಳಿದ್ದವು. ಹಗೇವಿನ ಸುತ್ತ ಇಲಿಗಳಿದ್ದವು. ಬೆಕ್ಕು ರಾತ್ರಿಯೆಲ್ಲ ಇಲಿ ಹಿಡಿದು ತಿಂದು, ಬೆಳಗಿನ ಜಾವ ಬಂದು ನಮ್ಮೆದುರು ಎರಡು ಗುಟುಕು ಹಾಲು ಕುಡಿಯುತ್ತಿತ್ತು. ನಮ್ಮ ಕಣ್ಣಿಗೆ ಬಿದ್ದದ್ದು ಹಾಲು ಮಾತ್ರ. ಇಂದು ದಾಸೋಹದ ಧಾನ್ಯ ಮುಚ್ಚಳ ಬಿಗಿದ ಉಕ್ಕಿನ ಡಬರಿಗಳಲ್ಲಿದೆ. ಇಲಿ ಹೋಯಿತು, ಹಾಲು ಉಳಿಯಿತು. ನಮ್ಮ ಪೂರ್ವಿಕರು ಪಶುಗಳ ವೈದ್ಯವನ್ನು ಅಲಕ್ಷಿಸಿದವರಲ್ಲ. 12ನೆಯ ಶತಮಾನದಷ್ಟು ಹಿಂದೆಯೇ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ಕನ್ನಡದಲ್ಲಿ ಗೋವೈದ್ಯವನ್ನು ಬರೆದನು. ಗೋವಿಗೆ, ಕುದುರೆಗೆ, ಆನೆಗೆ ಶಾಸ್ತ್ರಗಳಾದವು. ಬೆಕ್ಕು ತನ್ನ ಯೋಗಕ್ಷೇಮವನ್ನು ತಾನೇ ನೋಡಿಕೊಳ್ಳುತ್ತಿದ್ದುದರಿಂದ ಅದರ ಗೊಡವೆಗೆ ಯಾರೂ ಹೋಗಿರಲಿಕ್ಕಿಲ್ಲ.

ಈ ವಿಚಾರವನ್ನು ಹಿರಿಯ ಭಕ್ತರ ಮುಂದಿಟ್ಟಾಗ ಒಬ್ಬರು ಎದ್ದು ನಿಂತು, "ಅಪ್ಪಾರ, ಮಠಕ್ಕ ಬಂದ ಮ್ಯಾಲ ಅದೂ ಮಠದ್ದ ಆತಲ್ರಿ. ಎಲ್ಲಾರಂಗ ಪ್ರಸಾದ ಉಂಡು ಇರ್ಲಿ. ಉಳದ್ರ ಉಳೀತದ, ಶಿವನಿಚ್ಛಾ" ಎಂದರು. ಅವರ ನಿಷ್ಠೆಯಲ್ಲಿ ನಮಗೆ ಗೌರವವಿದೆ. ಆದರೂ ಅವರ ಮಾತನ್ನು ನಾವು ಒಪ್ಪಲಿಲ್ಲ. ಪ್ರಸಾದತ್ವವು ಪದಾರ್ಥದಲ್ಲಿ ಅಂಟಿಕೊಂಡ ಗುಣವಲ್ಲ. ಲಿಂಗಕ್ಕೆ ಅರ್ಪಿಸಿ, ಅರ್ಪಿಸಿದೆನೆಂಬ ಅರಿವಿನಿಂದ ಸ್ವೀಕರಿಸುವವನಿಗೆ ಪದಾರ್ಥವು ಪ್ರಸಾದವಾಗುತ್ತದೆ. ಆ ಅರಿವಿಲ್ಲದ ಪ್ರಾಣಿಗೆ ಹುಗ್ಗಿ ಬರಿಯ ಹುಗ್ಗಿ. ಮಾಂಸವನ್ನು ತೊರೆದಿರುವುದು ನಾವು; ದೀಕ್ಷೆಯನ್ನು ಹೊತ್ತವರು ನಾವು, ಶೀಲವನ್ನು ಕಾಯಬೇಕಾದವರೂ ನಾವು. ಬೆಕ್ಕು ಯಾವ ಗುರುವಿನಿಂದಲೂ ದೀಕ್ಷೆ ಪಡೆದಿಲ್ಲ. ನಮ್ಮ ವ್ರತವನ್ನು ಅದರ ಕರುಳಿನ ಮೇಲೆ ಹೇರಿ, ಅದು ಕುರುಡಾಗಿ ಕೃಶವಾಗಿ ಸಾಯುವುದನ್ನು ನೋಡುತ್ತ, ಅಹಿಂಸೆಯನ್ನು ಪಾಲಿಸಿದೆವೆಂದು ತೃಪ್ತಿಪಡುವುದು ನಮಗೆ ಸರಿಕಾಣದು.

ಇದಕ್ಕಿಂತ ತೀಕ್ಷ್ಣವಾದ ಪ್ರಶ್ನೆಯನ್ನು ಪ್ರಸಾದನಿಲಯದ ಒಂಬತ್ತನೆಯ ಇಯತ್ತೆಯ ಬಾಲಕನೊಬ್ಬ ಕೇಳಿದನು. "ಬೆಕ್ಕಿನ ಮ್ಯಾಲ ದಯಾ ಮಾಡಿದ್ರ ಕೋಳಿ ಮ್ಯಾಲ ಯಾರು ಮಾಡಬೇಕ್ರಿ ಅಪ್ಪಾರ?" ಅವನಿಗೆ ನಾವು ಒಳ್ಳೆಯ ಪ್ರಶ್ನೆಯೆಂದೆವು. ಈ ಗಂಟು ಪೂರ್ತಿ ಬಿಚ್ಚುವಂಥದಲ್ಲ. ಹಸಿದ ಬೆಕ್ಕು ಹಿತ್ತಿಲಿನ ಬಿಲ್ವದ ಗಿಡವೇರಿ ಗುಬ್ಬಿಯನ್ನೋ ಅಳಿಲನ್ನೋ ಹಿಡಿದೇ ಹಿಡಿಯುತ್ತದೆ. ನಾವು ನೋಡದಿದ್ದರೆ ಹಿಂಸೆ ನಡೆಯಲಿಲ್ಲವೆಂದಾಗದು. ಆದಷ್ಟು ತತ್ತಿಯಿಂದ ನಡೆಸಿ, ಅನಿವಾರ್ಯವಾದಷ್ಟಕ್ಕೆ ಮಾತ್ರ ಮಾಂಸವನ್ನು ಬಳಸುವುದೆಂದು ನಿಶ್ಚಯಿಸಿದೆವು. ಬಾಲಕನಿಗೆ ಇದು ಪೂರ್ಣ ಸಮಾಧಾನ ತಂದಂತೆ ಕಾಣಲಿಲ್ಲ. ತರಬೇಕೆಂದು ನಾವೂ ಒತ್ತಾಯಿಸಲಿಲ್ಲ.

ಮಠದ ಅಡುಗೆಮನೆಗೆ ಇದಾವುದೂ ಪ್ರವೇಶಿಸಿಲ್ಲ, ಪ್ರವೇಶಿಸುವುದೂ ಇಲ್ಲ. ಹಿತ್ತಿಲ ಗೋಡೆಗೆ ಹೊಂದಿದ ಮನೆಯ ಮುಸಲ್ಮಾನ ತಾಯಿಯೊಬ್ಬರು ವಿಷಯ ತಿಳಿದು ತಾವಾಗಿಯೇ ಮುಂದೆ ಬಂದರು. ಖರ್ಚನ್ನು ಮಠದ ನಿಧಿಯಿಂದಲ್ಲದೆ ನಮಗೆ ಬಂದ ಪ್ರವಚನದ ಕಾಣಿಕೆಯಿಂದ ಕೊಡಿಸುತ್ತೇವೆ. ಅದನ್ನು ಅವರು ಸ್ವೀಕರಿಸುವಂತೆ ಮಾಡಲು ಮೂರು ದಿನ ಬೇಕಾಯಿತು. ಹೊತ್ತು ಹೊತ್ತಿಗೆ ಬೆಕ್ಕು ಗೋಡೆ ಹಾರಿ ಆ ಮನೆಗೆ ಹೋಗಿ ಉಂಡು, ಮರಳಿ ಗೋಡೆ ಹಾರಿ ಬಂದು ನಮ್ಮ ಪಡಸಾಲೆಯಲ್ಲಿ ಮಲಗುತ್ತದೆ.

ಪಥ್ಯದ ಕ್ರಮ ಹೀಗೆ ನಡೆಯಿತು. ಮೊದಲ ನಾಲ್ಕು ದಿನ ಚರ್ಮ, ಕೊಬ್ಬು, ಎಲುಬು ತೆಗೆದು ನೀರಿನಲ್ಲಿ ಬೇಯಿಸಿದ ಕೋಳಿಮಾಂಸ, ಇಲ್ಲವೆ ಪೂರ್ತಿ ಬೆಂದ ತತ್ತಿ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದು ಬಾರಿ. ಉಪ್ಪು, ಖಾರ, ಎಣ್ಣೆಗಳಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿಗಳಂತೂ ಸರ್ವಥಾ ಸಲ್ಲದು. ಅವು ಬೆಕ್ಕಿನ ರಕ್ತದ ಕೆಂಪುಕಣಗಳನ್ನೇ ಒಡೆಯುತ್ತವೆ. ಉಳಿದ ಸಾರಿನಲ್ಲಿ ರೊಟ್ಟಿ ನೆನೆಸಿ ಹಾಕುವ ನಮ್ಮ ಕಡೆಯ ರೂಢಿಯಲ್ಲಿ ಈ ಅಪಾಯವಿದೆ. ಬೆಂದ ಕುಂಬಳಕಾಯಿಯ ತಿರುಳನ್ನು ಒಂದು ಚಿಕ್ಕ ಚಮಚೆಯಷ್ಟು ಬೆರೆಸಿದರು. ಶುದ್ಧ ನೀರನ್ನು ಮೂರು ಕಡೆ ಇಡಿಸಿದೆವು. ಲಂಘನ ಪರಮೌಷಧವೆಂಬ ಮಾತು ಬೆಕ್ಕಿಗೆ ಅನ್ವಯಿಸದೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಕೆಲವು ದಿನ ಆಹಾರವಿಲ್ಲದೆ ಹೋದರೆ, ಅದರಲ್ಲಿಯೂ ಮೈತುಂಬಿದ ಬೆಕ್ಕಿಗೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಮನುಷ್ಯರ ಗುಳಿಗೆಗಳನ್ನೂ ಕೊಡಲಾಗದು. ಮನೆಮನೆಯಲ್ಲಿರುವ ಪ್ಯಾರಾಸಿಟಮಾಲ್ ಒಂದೇ ಗುಳಿಗೆ ಬೆಕ್ಕಿಗೆ ಮೃತ್ಯುವಾಗಬಲ್ಲದು.

ನಾಲ್ಕನೆಯ ದಿನ ಮಲ ಗಟ್ಟಿಯಾಯಿತು. ಬರಿಯ ಕೋಳಿಮಾಂಸವೂ ಪೂರ್ಣಾಹಾರವಲ್ಲ. ಅದರಲ್ಲಿ ಸುಣ್ಣದ ಅಂಶ ಸಾಲದು. ಆದುದರಿಂದ ಅದು ಮೊದಲು ತಿನ್ನುತ್ತಿದ್ದ ಪೊಟ್ಟಣದ ಆಹಾರವನ್ನೇ ಬಾಗಲಕೋಟೆಯಿಂದ ತರಿಸಿ, ನಾಲ್ಕರಲ್ಲೊಂದು ಪಾಲು, ಎರಡು ಪಾಲು, ಮೂರು ಪಾಲು ಎಂದು ಹೆಚ್ಚಿಸುತ್ತ ಹತ್ತು ದಿನಗಳಲ್ಲಿ ಪೂರ್ತಿ ಅದಕ್ಕೆ ತಂದೆವು. ಬಂದಾಗ ಮೂರುವರೆ ಕಿಲೋ ಇದ್ದದ್ದು ಮೂರಕ್ಕೂ ಕೆಳಗಿಳಿದಿತ್ತು. ಈಗ ಮತ್ತೆ ಮೂರುವರೆಯ ಸಮೀಪಕ್ಕೆ ಬಂದಿದೆ. ಅಡುಗೆಯವರು ಮೂಗು ಮುಚ್ಚಿಕೊಂಡೇ ಆ ಪೊಟ್ಟಣವನ್ನು ಗೋಡೆಯಾಚೆ ದಾಟಿಸುತ್ತಾರೆ. ಅವರ ಆ ಸಹನೆಯನ್ನು ಇಲ್ಲಿ ಸ್ಮರಿಸದಿದ್ದರೆ ನ್ಯಾಯವಾಗದು.

ಶಿಕ್ಷಕಿಯವರ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನೆರವೇರಿತು. ಬರುವ ತಿಂಗಳ ಕೊನೆಯಲ್ಲಿ ಅವರು ಇಳಕಲ್ಲಿಗೆ ಮರಳಲಿದ್ದಾರೆ. ಅಲ್ಲಿಯವರೆಗೆ ಶ್ರೀಮಠಕ್ಕೆ ದಯಮಾಡಿಸುವ ತಾಯಂದಿರಲ್ಲಿ ನಮ್ಮದೊಂದು ವಿಜ್ಞಾಪನೆ: ಬೆಕ್ಕಿಗೆಂದು ಹಾಲನ್ನು ತರಬೇಡಿರಿ. ತಂದಿದ್ದರೆ ಪ್ರಸಾದನಿಲಯದ ಅಡುಗೆಯವರ ಕೈಗೆ ಕೊಡಿರಿ; ಕುಡಿಯುವ ಮಕ್ಕಳು ಅಲ್ಲಿ ಬಹಳ ಇದ್ದಾರೆ.