ಹಂದರದ ಮೂಲೆಯ ಸನಾದಿ

ಮದುವೆಯ ಮನೆಗೆ ಎಲ್ಲರಿಗಿಂತ ಮೊದಲು ಬರುವವರು ಯಾರು? ಬೀಗರೆಂದರೆ ತಪ್ಪು, ದಾರಿ ನೋಡಿ ನೋಡಿ ಕಣ್ಣು ಸೋತ ಮೇಲೆ ಬರುವುದೇ ಬೀಗರ ಲಕ್ಷಣ. ಪುರೋಹಿತರೆಂದರೂ ತಪ್ಪು, ಅವರಿಗೆ ಅದೇ ದಿನ ಇನ್ನೆರಡು ಊರುಗಳಲ್ಲಿ ಮುಹೂರ್ತವಿರುತ್ತದೆ. ಹಂದರಕ್ಕೆ ತೋರಣ ಕಟ್ಟುವ ಹೊತ್ತಿಗೆ, ಇನ್ನೂ ಒಲೆಯ ಹೊಗೆಯೂ ಏಳದಿರುವಾಗ, ಕಂಕುಳಲ್ಲಿ ಬಟ್ಟೆಯ ಚೀಲವೊಂದನ್ನು ಅವುಚಿಕೊಂಡು ಬಂದು, ಯಾರೂ ತೋರಿಸದಿದ್ದರೂ ತನ್ನ ಜಾಗ ಯಾವುದೆಂದು ತಿಳಿದವನಂತೆ ಮೂಲೆಯಲ್ಲಿ ಕುಳಿತುಕೊಳ್ಳುವವನು ಒಬ್ಬನಿದ್ದಾನೆ. ಅವನೇ ಸನಾದಿಯವನು. ಬೀಗರು ಹೋಗಿ, ಪಾತ್ರೆಗಳೂ ಬಾಡಿಗೆಯ ಅಂಗಡಿಗೆ ಹೊರಟುಹೋದ ಮೇಲೆ ಯಜಮಾನನ ಬಿಡುವಿಗಾಗಿ ಕಾಯುತ್ತ ನಿಂತಿರುವವನೂ ಅವನೇ. ಮೊದಲು ಬಂದು ಕೊನೆಗೆ ಹೋಗುವ ಈ ಮನುಷ್ಯನ ಹೆಸರನ್ನು ಮಾತ್ರ ಮದುವೆಯ ಮನೆಯಲ್ಲಿ ಯಾರೂ ಕೇಳುವುದಿಲ್ಲ. ‘ಏ ಸನಾದಿ’ ಎಂದರೆ ಅವನು ತಿರುಗಿ ನೋಡುತ್ತಾನೆ.

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಹುಲಗೂರು ಇಂಥ ಮದುವೆಗಳ ಸೀಮೆ. ಊರಿನ ಖ್ಯಾತಿಯೆಲ್ಲ ಅಲ್ಲಿಯ ದರ್ಗಾದ್ದು. ಮಕ್ಕಳಿಲ್ಲದೆ ಕೊರಗುತ್ತಿದ್ದ ಶಿಶುನಾಳದ ಇಮಾಮ ಸಾಹೇಬ, ಹಜ್ಜೂಮಾ ದಂಪತಿಗಳಿಗೆ ಹುಲಗೂರಿನ ಖಾದರಿ ಸಂತರ ಅನುಗ್ರಹದಿಂದ ಮಗ ಹುಟ್ಟಿದನೆಂದು ಆ ಕಡೆಯ ಜನ ನಂಬಿದ್ದಾರೆ. ಆ ಮಗನೇ 1819ರಿಂದ 1889ರವರೆಗೆ ಬಾಳಿದ ಸಂತ ಶರೀಫ. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ದರ್ಗಾ ಇರುವ ಊರಿನಲ್ಲಿ, ಶರೀಫನ ಪದ ಬಾರದ ಮುದುಕರು ಸಿಗುವುದು ಕಷ್ಟ. ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವುಂಟು. ಮುಂದೆ ಕಾಣುವಂತೆ ಸನಾದಿಯವನ ಬಾಳಿಗೂ ಈ ಪದಗಳಿಗೂ ಒಂದು ಗುಟ್ಟಿನ ನಂಟಿದೆ.

ಯುಗಾದಿ ಕಳೆಯಿತೆಂದರೆ ಎರೆಯ ಹೊಲಗಳು ಬಿರಿದು ಬಾಯ್ದೆರೆಯುತ್ತವೆ. ಸುಗ್ಗಿ ಮುಗಿದಿರುತ್ತದೆ, ರೋಹಿಣಿ ಮಳೆಯವರೆಗೆ ನೇಗಿಲಿಗೆ ಕೆಲಸವಿಲ್ಲ. ಮನೆಯಲ್ಲಿ ಒಂದಿಷ್ಟು ಕಾಳು, ಕೈಯಲ್ಲಿ ಒಂದಿಷ್ಟು ಹಣ, ಎತ್ತಿಗೂ ಮನುಷ್ಯನಿಗೂ ಬಿಡುವು. ಮದುವೆ, ಜಾತ್ರೆ, ತೇರುಗಳೆಲ್ಲ ಈ ಎರಡೂವರೆ ತಿಂಗಳಲ್ಲಿ ಮುಗಿಯಬೇಕು. ಅಕ್ಷಯ ತೃತೀಯಾ ಬಸವ ಜಯಂತಿಯೂ ಹೌದು. ಆ ಒಂದು ದಿನ ಓಣಿಗೊಂದು ಹಂದರ. ಸನಾದಿಯವನ ವರ್ಷವೆಂದರೆ ಈ ಎರಡೂವರೆ ತಿಂಗಳೇ. ಉಳಿದ ಕಾಲದಲ್ಲಿ ಅವನು ಬುಟ್ಟಿ ಹೆಣೆಯಬಹುದು, ಹಗ್ಗ ಹೊಸೆಯಬಹುದು, ಕೂಲಿಗೆ ಹೋಗಬಹುದು. ಉತ್ತರ ಕರ್ನಾಟಕದಲ್ಲಿ ‘ಭಜಂತ್ರಿ’ ಎಂಬುದು ಮನೆತನದ ಹೆಸರೇ ಆಗಿದೆ. ಕೊರವ ಸಮಾಜದ ಎಷ್ಟೋ ಕುಟುಂಬಗಳು ಈ ವಿದ್ಯೆಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿವೆ.

ಅವನ ಮೇಳ ದೊಡ್ಡದಲ್ಲ. ಸನಾದಿಯವನೊಬ್ಬ, ಶ್ರುತಿ ಹಿಡಿಯುವವನೊಬ್ಬ, ಡೋಲಿನವನೊಬ್ಬ, ತಾಳಕ್ಕೆ ಒಬ್ಬ. ಹಾಡುವವನು ಇಲ್ಲ. ಮೇಳದಲ್ಲಿ ಎಲ್ಲರಿಗಿಂತ ಕಷ್ಟದ ಕೆಲಸ ಯಾರದೆಂದು ಕೇಳಿದರೆ ನೋಡಿದವರು ಸನಾದಿಯವನನ್ನು ತೋರಿಸುತ್ತಾರೆ. ಬಲ್ಲವರು ಶ್ರುತಿಯ ಹುಡುಗನನ್ನು ತೋರಿಸುತ್ತಾರೆ. ಅವನು ಊದಬೇಕಾದುದು ಒಂದೇ ಸ್ವರ. ಆದರೆ ಆ ಸ್ವರ ಎಲ್ಲಿಯೂ ಹರಿಯಕೂಡದು. ಉಸಿರು ಮುಗಿಯುವ ಮುನ್ನ ಕೆನ್ನೆಗಳಲ್ಲಿ ಗಾಳಿ ತುಂಬಿಕೊಂಡು, ಆ ಗಾಳಿಯನ್ನು ಕೆನ್ನೆಯ ಒತ್ತಡದಿಂದಲೇ ಕೊಳವೆಗೆ ತಳ್ಳುತ್ತಿರುವಾಗ, ಅದೇ ಕ್ಷಣದಲ್ಲಿ ಮೂಗಿನಿಂದ ಹೊಸ ಉಸಿರನ್ನು ಒಳಗೆಳೆದುಕೊಳ್ಳಬೇಕು. ಬಾಯಿ ಹೊರಗೆ ಕೊಡುತ್ತಿರುವಾಗ ಮೂಗು ಒಳಗೆ ತೆಗೆದುಕೊಳ್ಳುವ ಈ ವ್ಯವಹಾರ ಯೋಗಿಗಳಿಗೂ ಸುಲಭವಲ್ಲ. ಹತ್ತು ಹನ್ನೆರಡು ವರ್ಷದ ಹುಡುಗರು ಕಣ್ಣು ಮೇಲೆ ಮಾಡಿ, ಕೆನ್ನೆ ಉಬ್ಬಿಸಿ, ಗಂಟೆಗಟ್ಟಲೆ ಹೀಗೆ ಕುಳಿತಿರುವುದನ್ನು ಕಂಡು ಮದುವೆಗೆ ಬಂದ ಮಕ್ಕಳು ನಗುತ್ತವೆ.

ಇಷ್ಟೆಲ್ಲ ಸಾಧನೆ ಮಾಡಿ ಅವರು ನುಡಿಸುವುದು ಕೇಳುವವರಿಗಾಗಿಯೇ? ಇಲ್ಲಿಯೇ ಈ ವೃತ್ತಿಯ ದೊಡ್ಡ ವಿಪರ್ಯಾಸವಿರುವುದು. ಅಕ್ಷತೆ ಬೀಳುವ ಸಮಯಕ್ಕೆ ಹಿರಿಯರು ಕೈಯೆತ್ತಿ ಸನ್ನೆ ಮಾಡುತ್ತಾರೆ. ಡೋಲು ಒಮ್ಮೆಲೇ ಬಿರುಸಾಗುತ್ತದೆ, ಸನಾದಿ ಮೇಲಿನ ಸ್ವರಕ್ಕೆ ಏರುತ್ತದೆ. ಆ ಕ್ಷಣದಲ್ಲಿ ಯಾರೋ ಸೀನಬಹುದು, ಹೊರಗೆ ಜಗಳವಾಗಬಹುದು, ಯಾರ ಬಾಯಿಂದಲೋ ಅಪಶಕುನದ ಮಾತು ಹೊರಡಬಹುದು. ಅದೊಂದೂ ವಧೂವರರ ಕಿವಿಗೆ ಬೀಳಬಾರದು. ಅಂದರೆ, ವಾದ್ಯದವನನ್ನು ಕರೆಸುವುದು ಅವನನ್ನು ಕೇಳುವುದಕ್ಕಲ್ಲ, ಬೇರೆ ಏನನ್ನೂ ಕೇಳದಿರುವುದಕ್ಕೆ! ಉಳಿದ ಹೊತ್ತಿನಲ್ಲಂತೂ ಜನ ಅವನ ನಾದದ ಮೇಲೆಯೇ ಮಾತನಾಡುತ್ತಾರೆ. ಬಂಗಾರದ ಧಾರಣೆ, ಮೆಣಸಿನಕಾಯಿಯ ಧಾರಣೆ, ಬೀಗರು ಸೀರೆಯಲ್ಲಿ ತೋರಿದ ಜಿಪುಣತನ, ಎಲ್ಲವೂ ಸನಾದಿಯ ಆಸರೆಯಲ್ಲಿ ನಿರ್ಭಯವಾಗಿ ಚರ್ಚೆಯಾಗುತ್ತವೆ. ಮೊಬೈಲ್ ಹಿಡಿದ ತರುಣನೊಬ್ಬ ಬಂದು, “ಏ, ಸ್ವಲ್ಪ ನಿಲ್ಸಪ, ಫೋನಿನ್ಯಾಗ ಏನೂ ಕೇಳವಲ್ತು” ಎಂದರೆ ಸನಾದಿ ನಿಲ್ಲುತ್ತದೆ. ಆದರೆ ಅದು ನಿಂತೊಡನೆ ಹಂದರದಲ್ಲಿ ಎಲ್ಲರೂ ತಲೆಯೆತ್ತಿ ಆ ಮೂಲೆಯತ್ತ ನೋಡುತ್ತಾರೆ. ಅದುವರೆಗೆ ಯಾರೂ ಕೇಳುತ್ತಿರಲಿಲ್ಲವೆಂದರೆ ನಂಬುವುದು ಹೇಗೆ?

ಸನಾದಿಯವನು ನುಡಿಸುವುದಾದರೂ ಏನನ್ನು? ಬೆಳಗಿನಲ್ಲಿ ಯಾವುದಾದರೊಂದು ರಾಗದ ಎರಡು ಸುತ್ತು ಬರಬಹುದು. ಖ್ಯಾಲ್ ಗಾಯನದ ಸವಾಯಿ ಗಂಧರ್ವರ ಕುಂದಗೋಳ ಪಕ್ಕದ ತಾಲ್ಲೂಕು; 1950ರಲ್ಲಿ ಧಾರವಾಡದ ಆಕಾಶವಾಣಿ ತೆರೆದ ಮೇಲೆ ಬೆಳಗಿನ ಮಂಗಳವಾದ್ಯ ಬಡವರ ಕಿವಿಗೂ ಬಿದ್ದಿತು. ರಾಗದ ಹೆಸರು ಗೊತ್ತಿಲ್ಲದವನಿಗೂ ಅದರ ನಡಿಗೆ ಗೊತ್ತಿರುತ್ತದೆ. ಆದರೆ ಬಿಸಿಲೇರಿದಂತೆ ಸಿನೆಮಾದ ಮಟ್ಟುಗಳು ಬರಲೇಬೇಕು. ನಿಬ್ಬಣದ ಮೆರವಣಿಗೆಯಲ್ಲಿ ‘ನಾಗಿನ್’ ಚಿತ್ರದ ಹಾವಾಡಿಗನ ಮಟ್ಟು ಇಲ್ಲದಿದ್ದರೆ ವರನ ಗೆಳೆಯರು ಒಪ್ಪುವುದಿಲ್ಲ. 1954ರ ಆ ಚಿತ್ರದಲ್ಲಿ ಪುಂಗಿಯಂತೆ ಕೇಳುವ ನಾದ ಪುಂಗಿಯದಲ್ಲ. ಕ್ಲಾವಿಯೋಲಿನ್ ಎಂಬ ವಿದ್ಯುತ್ ವಾದ್ಯದಲ್ಲಿ ಕಲ್ಯಾಣಜಿ ನುಡಿಸಿದ್ದು. ಪುಂಗಿಯನ್ನು ಅಣಕಿಸಿದ ಯಂತ್ರವನ್ನು ಸನಾದಿಯವನು ಅಣಕಿಸಿ, ಆ ಮಟ್ಟನ್ನು ಮತ್ತೆ ಮನುಷ್ಯನ ಉಸಿರಿಗೆ ತಂದುಕೊಟ್ಟನೆನ್ನಬೇಕು. ಕರವಸ್ತ್ರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಒಬ್ಬ ಪುಂಗಿಯವನಾಗುತ್ತಾನೆ, ಇನ್ನೊಬ್ಬ ಹೆಡೆಯಾಡಿಸುತ್ತ ಹೊಸ ಷರಾಯಿಯ ಪರಿವೆಯಿಲ್ಲದೆ ಧೂಳಿನಲ್ಲಿ ಉರುಳುತ್ತಾನೆ.

ಇದೆಲ್ಲ ಮುಗಿದು, ಊಟದ ಪಂಕ್ತಿಗಳು ಎದ್ದು, ಮಧ್ಯಾಹ್ನದ ಬಿಸಿಲಿಗೆ ಹಂದರ ತೂಕಡಿಸುವ ಹೊತ್ತೊಂದಿದೆ. ಆಗ ವಧುವಿನ ಅಜ್ಜಿಯಂಥ ಯಾರಾದರೂ ಒಬ್ಬರು ಮೂಲೆಗೆ ಬಂದು, ಗೋಡೆಗೆ ಬೆನ್ನು ಕೊಟ್ಟು ಕುಳಿತು ಕೇಳುತ್ತಾರೆ:

“ಯಪ್ಪಾ, ನಮ್ಮ ಶರೀಫಜ್ಜನ ಪದ ಒಂದ ಊದಲ್ಲ.”

“ಯಾವುದ ಊದ್ಲಿ ಯವ್ವಾ?”

“ಯಾವುದರ ಊದು. ನನಗ ಎಲ್ಲಾ ಬರತಾವು.”

ಸನಾದಿಯವನು ನಾಲಗೆಯಿಂದ ಜೊಂಡನ್ನು ತೇವ ಮಾಡಿಕೊಂಡು, ಮೆಲ್ಲಗೆ, ಭಜನೆಯ ಮೇಳದವರ ಹಳೆಯ ಮಟ್ಟಿನಲ್ಲಿ ಎತ್ತಿಕೊಳ್ಳುತ್ತಾನೆ. ವಾದ್ಯದಲ್ಲಿ ಮಾತಿಲ್ಲ. ಮುದುಕಿಯ ತುಟಿಗಳಲ್ಲಿ ಮಾತಿದೆ. ಅವನು ಎಲ್ಲಿ ಉಸಿರು ಎಳೆದುಕೊಂಡರೂ ಅವಳ ಪದ ತುಂಡಾಗುವುದಿಲ್ಲ; ಅವಳಿಗೆ ಹಲ್ಲಿಲ್ಲದೆ ಉಚ್ಚಾರ ತೊದಲಿದರೂ ಅವನ ಸ್ವರ ತೊದಲುವುದಿಲ್ಲ. ನಗರದಿಂದ ಬಂದ ಮೊಮ್ಮಗಳು ಇದು ಯಾವ ಹಾಡೆಂದು ತಿಳಿಯದೆ ನೋಡುತ್ತಾಳೆ. ಅವಳು ಬಲ್ಲ ಶರೀಫ ಸಿ. ಅಶ್ವತ್ಥರು ಮಟ್ಟು ಹಾಕಿದ ಶರೀಫ, 1990ರಲ್ಲಿ ನಾಗಾಭರಣರ ಚಲನಚಿತ್ರ ತೋರಿಸಿದ ಶರೀಫ. ಸನಾದಿಯವನು ಅದನ್ನೂ ಬಲ್ಲ. ಹುಡುಗಿಯ ಮುಖ ನೋಡಿದವನೇ ಮಟ್ಟು ಬದಲಿಸುತ್ತಾನೆ. ಈಗ ಅವಳ ತುಟಿಗಳೂ ಅಲುಗುತ್ತವೆ. ಇದಕ್ಕಾಗಿ ಅವನಿಗೆ ಹೆಚ್ಚಿನ ಹಣ ಸಿಗುವುದಿಲ್ಲ.

ಬೇಸಗೆಯ ಕೂಟಗಳಲ್ಲಿ ಹಾಡುಗಾರನಿಲ್ಲದ ಮೇಳ ನುಡಿಸಿ ಜನರನ್ನು ಕುಣಿಸುವುದು ನಮ್ಮ ಹಳ್ಳಿಗಳ ಸೊತ್ತೇ ಏನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ, ಹಲಗೆಯ ಮೇಲೆ ನಿಂತು ಅಲೆಗಳನ್ನೇರುವ ತರುಣರ ನಡುವೆ, ಇಂಥದೇ ಒಂದು ಸಂಗೀತ ಹುಟ್ಟಿತು. ಅದನ್ನು ಸರ್ಫ್ ಸಂಗೀತವೆಂದರು. 1961ರ ಬೇಸಗೆಯಲ್ಲಿ ಬಾಲ್ಬೋವಾದ ರಾಂದೆವೂ ಎಂಬ ನೃತ್ಯಮಂದಿರದಲ್ಲಿ ಡಿಕ್ ಡೇಲ್ ಎಂಬ ಎಡಗೈಯ ಯುವಕ ಗಿಟಾರು ನುಡಿಸಿದಾಗ ಜನ ಕಿಕ್ಕಿರಿದು ನೆಲ ಗುದ್ದಿ ಕುಣಿದರು. ಅವನ ತಂದೆಯ ಕಡೆಯವರು ಲೆಬನಾನಿನವರು. ಔದ್ ಎಂಬ ಅರಬರ ತಂತಿವಾದ್ಯದ ನಾದ ಅವನ ಕಿವಿಗೆ ಬಾಲ್ಯದಲ್ಲಿಯೇ ಬಿದ್ದಿತ್ತು. 1962ರಲ್ಲಿ ಅವನಿಗೆ ಕೀರ್ತಿ ತಂದ ‘ಮಿಸಿರ್ಲೂ’ ಪೂರ್ವ ಮೆಡಿಟರೇನಿಯನ್ ಸೀಮೆಯ ಹಳೆಯ ಹಾಡು. ಅದರ ಮಾತುಗಳನ್ನೆಲ್ಲ ಬಿಟ್ಟು ಬರಿಯ ಮಟ್ಟನ್ನು ಅವನು ಸಿಡಿಲಿನ ವೇಗದಲ್ಲಿ ಮೀಟಿದ. ಅವನ ಅಬ್ಬರಕ್ಕೆ ಧ್ವನಿವರ್ಧಕಗಳು ಒಂದಾದ ಮೇಲೊಂದು ಸುಟ್ಟುಹೋಗಿ, ಲಿಯೋ ಫೆಂಡರ್ ಅವನಿಗಾಗಿ ಹೆಚ್ಚು ಶಕ್ತಿಯ ಯಂತ್ರವನ್ನೇ ನಿರ್ಮಿಸಬೇಕಾಯಿತು. ಸನಾದಿಗೆ ಆ ತೊಂದರೆಯಿಲ್ಲ. ಅದರ ಮರದ ಕೊಳವೆಯೂ ಲೋಹದ ಬಾಯೂ ತಂತಿ, ವಿದ್ಯುತ್ತುಗಳ ಹಂಗಿಲ್ಲದೆ ಮೂರು ಹೊಲ ದಾಟಿ ಕೇಳಿಸುತ್ತವೆ. ಆದರೆ ಎರಡರ ಪಾಡೂ ಒಂದೇ ಬಗೆಯದು. 1964ರಲ್ಲಿ ಇಂಗ್ಲೆಂಡಿನಿಂದ ಬೀಟಲ್ಸ್ ತಂಡದವರು ಅಮೆರಿಕಕ್ಕೆ ಬಂದಿಳಿದರು. ಹಾಡುವವರ ಭರಾಟೆಯಲ್ಲಿ, ಮಾತಿಲ್ಲದೆ ನುಡಿಸುವವರ ಆ ಬೇಸಗೆ ಬೇಗನೆ ಮುಗಿದುಹೋಯಿತು.

ಸನಾದಿಗೆ ಗೌರವವೇ ಸಿಗಲಿಲ್ಲವೆಂದರೆ ಸುಳ್ಳಾದೀತು. ಮದುವೆ ಮತ್ತು ಗುಡಿಯ ಬಾಗಿಲುಗಳಲ್ಲಿದ್ದ ಶಹನಾಯಿಯನ್ನು ಬಿಸ್ಮಿಲ್ಲಾ ಖಾನರು ಸಂಗೀತಸಭೆಯ ನಡುವೇದಿಕೆಗೆ ತಂದು ಕೂಡಿಸಿದರು. 2001ರಲ್ಲಿ ದೇಶ ಅವರಿಗೆ ಭಾರತರತ್ನವನ್ನಿತ್ತಿತು. 1977ರ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ಅವರ ಉಸಿರಿಗೆ ರಾಜಕುಮಾರರು ಅಭಿನಯದ ಜೀವ ತುಂಬಿದುದನ್ನು ಕನ್ನಡಿಗರು ಕಣ್ಣೀರಿಟ್ಟು ನೋಡಿದರು. ಕೊಳಲಿನಷ್ಟು ಚಿಕ್ಕ ಈ ವಾದ್ಯಕ್ಕೆ ಏನು ಕಡಿಮೆಯಾಯಿತು? ಆದರೆ ಚಿತ್ರಮಂದಿರದಲ್ಲಿ ಅತ್ತು ಬಂದ ಮನೆಯಲ್ಲಿಯೂ, ಮರುವರ್ಷದ ಮದುವೆಯಲ್ಲಿ ಸನಾದಿಯವನಿಗೆ ಎಲೆ ಹಾಕಿದುದು ಕೊನೆಯ ಪಂಕ್ತಿ ಎದ್ದ ಮೇಲೆ, ಹಂದರದ ಹೊರಗೆ. ಮಂಗಳವಾದ್ಯ ಒಳಗೆ ಬೇಕು. ಮಂಗಳವನ್ನು ಊದಿದ ಬಾಯಿ ಒಳಗೆ ಉಣ್ಣಬಾರದು. ಈಚೆಗೆ ಇದು ಎಷ್ಟೋ ಕಡೆ ಸಡಿಲಿದೆ ಎನ್ನುತ್ತಾರೆ. ಸಡಿಲಿದೆ, ನಿಜ. ‘ನೀವೂ ಕುಳಿತುಬಿಡಿ’ ಎಂದು ಕರೆಯುವವರಿದ್ದಾರೆ. ಕರೆದಾಗ ಅವನೇ ಸಂಕೋಚದಿಂದ ಹಿಂದೆ ಸರಿಯುವುದನ್ನು ನೋಡಿದವರಿಗೆ, ಒಂದು ಊಟದ ಕರೆಯಿಂದ ಆ ಸಂಕೋಚ ಹೋಗುವುದಿಲ್ಲವೆಂಬುದು ತಿಳಿಯುತ್ತದೆ.

ಈಗಿನ ನಿಬ್ಬಣಗಳ ಮುಂದೆ ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಪೆಟ್ಟಿಗೆಗಳು ಸಾಗುತ್ತವೆ. ಅದಕ್ಕೆ ಡೀಜೆ ಎಂದು ಹೆಸರು. ಅದು ಹೊರಡಿಸುವ ಸದ್ದಿಗೆ ಕಿಟಕಿಯ ಗಾಜು ನಡುಗುತ್ತದೆ, ತೊಟ್ಟಿಲ ಕೂಸು ಬೆಚ್ಚುತ್ತದೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಹಾಕಬಾರದೆಂಬ ನಿಯಮ 2000ರಲ್ಲಿಯೇ ಬಂದಿದೆ. ಮೆರವಣಿಗೆಗೆ ಗಡಿಯಾರ ನೋಡುವ ವ್ಯವಧಾನವೆಲ್ಲಿ? ಸೀನಿನ ಸದ್ದು ಕೇಳಬಾರದೆಂಬುದೇ ಉದ್ದೇಶವಾದರೆ, ಡೀಜೆಯ ಮುಂದೆ ಸನಾದಿ ಸೋತಿತೆಂದೇ ಹೇಳಬೇಕು. ಆದರೆ ವರನ ತಾಯಿಗೆ ಮೆಟ್ಟಿಲು ಹತ್ತಲು ತಡವಾದರೆ ಮಟ್ಟನ್ನು ಒಂದು ಸುತ್ತು ಹೆಚ್ಚಿಸುವುದು, ತವರು ಬಿಡುವ ಹುಡುಗಿಯ ಬಿಕ್ಕು ಕೇಳಿದೊಡನೆ ಡೋಲಿನವನಿಗೆ ಕಣ್ಸನ್ನೆ ಮಾಡಿ ನಡಿಗೆಯನ್ನು ತಗ್ಗಿಸುವುದು, ಇದನ್ನು ಪೆಟ್ಟಿಗೆ ಅರಿಯದು.

ಹೀಗೆಂದು ಪೆಟ್ಟಿಗೆಯನ್ನು ಬೈದು ಮುಗಿಸುವುದೂ ನ್ಯಾಯವಲ್ಲ. ಅದರ ಹಿಂದೆ ಕುಳಿತು ಗುಂಡಿಗಳನ್ನು ತಿರುವುವ ಹುಡುಗ ಸನಾದಿಯವನ ಮಗನೇ ಆಗಿದ್ದರೆ ಆಶ್ಚರ್ಯವಿಲ್ಲ. ಅವನನ್ನು ಜನ ‘ಆಪರೇಟರ್’ ಎನ್ನುತ್ತಾರೆ, ಕುರ್ಚಿ ಕೊಡುತ್ತಾರೆ, ‘ಮೊದಲು ಊಟ ಮಾಡಿಬಿಡ್ರಿ’ ಎಂದು ಬಹುವಚನದಲ್ಲಿ ಕರೆದೊಯ್ಯುತ್ತಾರೆ. ತಂದೆಗೆ ಒಂದು ಆಯುಷ್ಯದಲ್ಲಿ ದೊರೆಯದ ‘ರೀ’ ಎಂಬ ಅಕ್ಷರ ಮಗನಿಗೆ ಒಂದು ಬೇಸಗೆಯಲ್ಲಿ ದೊರೆಯಿತು. ಆ ಮಗನನ್ನು ಕರೆದು, ‘ಕಲೆ ನಶಿಸುತ್ತಿದೆ, ನೀನು ಸನಾದಿಯನ್ನೇ ಹಿಡಿ’ ಎಂದು ಉಪದೇಶಿಸುವುದಕ್ಕೆ ಯಾರಿಗೆ ಬಾಯಿ ಬಂದೀತು? ಶಿಗ್ಗಾವಿಯ ಹತ್ತಿರದ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಜನಪದ ವಾದ್ಯಗಳ ಅಧ್ಯಯನಕ್ಕೆ ಅಲ್ಲಿ ಸ್ಥಾನವಿದೆ. ಆದರೂ ಪದವಿಗೂ ಪಂಕ್ತಿಗೂ ನಡುವೆ ಇನ್ನೂ ದೂರವಿದೆ.

ಸಂಜೆಯಾಗುತ್ತದೆ. ಹಂದರದ ಗಳಗಳನ್ನು ಕೀಳುವ ಸದ್ದು. ಸನಾದಿಯವನು ಜೊಂಡನ್ನು ಬಿಚ್ಚಿ ಒರೆಸಿ ತಗಡಿನ ಡಬ್ಬಿಯಲ್ಲಿಡುತ್ತಾನೆ, ವಾದ್ಯವನ್ನು ಬಟ್ಟೆಯಲ್ಲಿ ಸುತ್ತುತ್ತಾನೆ. ಯಜಮಾನ ಎಣಿಸಿ ಕೊಟ್ಟುದನ್ನು ಎಣಿಸದೆ ಜೇಬಿಗಿಳಿಸುತ್ತಾನೆ. ಬಸ್ಸಿಗೆ ಇನ್ನೂ ಹೊತ್ತಿದೆ. ನಿಲ್ದಾಣದ ಚಹದ ಅಂಗಡಿಯ ಮುಂದೆ ಶ್ರುತಿಯ ಹುಡುಗ ತಂಪು ಪಾನೀಯದ ಒಂದು ಕೊಳವೆಯನ್ನು ಎಲ್ಲಿಂದಲೋ ಹೆಕ್ಕಿಕೊಂಡು ಬಂದಿದ್ದಾನೆ. ಲೋಟದ ನೀರಿನಲ್ಲಿ ಅದನ್ನು ಅದ್ದಿ ಊದುತ್ತಾನೆ. ಗುಳ್ಳೆಗಳು ನಿಲ್ಲಬಾರದು, ಉಸಿರು ಕಲಿಯುವವರಿಗೆ ಇದೇ ಮೊದಲ ಪಾಠ. ಹಿರಿಯ ಚಹ ಕುಡಿಯುತ್ತ, ರಸ್ತೆಯ ಕಡೆ ಮುಖ ಮಾಡಿದವನಂತೆ ಕಂಡರೂ ಕಿವಿಯನ್ನು ಲೋಟದ ಕಡೆಗೇ ಇಟ್ಟಿದ್ದಾನೆ. ಗುಳ್ಳೆಗಳು ಒಂದೇ ಸಮನೆ ಏಳುತ್ತವೆ, ಒಂದೆಡೆ ತಡವರಿಸುತ್ತವೆ.

“ಮೂಗಲೆ ಎಳಕೋ,” ಎನ್ನುತ್ತಾನೆ ಹಿರಿಯ.

ಹುಡುಗ ಕೆನ್ನೆಯುಬ್ಬಿಸಿ ಮತ್ತೆ ಊದತೊಡಗುತ್ತಾನೆ.